ಎರಡೂ ಪಿಕಪ್ ತೆರೆದರೆ ಸೌಂಡ್ ತೆಳ್ಳಗೆ, ಜೊತೆಗೆ ಹಮ್: ಪಿಕಪ್ ಬದಲಿಸಲಾ, ಪ್ರೀಆಂಪ್ ಹಾಕಿಸಲಾ?

ನಾಲ್ಕುತಂತಿ_ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್ ಜಾಝ್ ಮಾದರಿ ಬೇಸ್ ಗಿಟಾರ್. ನಾಲ್ಕು ತಂತಿ, 34 ಇಂಚು ಸ್ಕೇಲ್, ಪ್ಯಾಸಿವ್ ಅಂದ್ರೆ ಬ್ಯಾಟರಿ ಇಲ್ಲದ್ದು, ಎರಡು ವಾಲ್ಯೂಮ್ ಒಂದು ಟೋನ್. ತಂತಿಯ ಅಲುಗಾಟವನ್ನ ಸಿಗ್ನಲ್ ಮಾಡೋ ಪಿಕಪ್ ಎರಡು: ಒಂದು ನೆಕ್ ಕಡೆ, ಇನ್ನೊಂದು ತಂತಿ ಕಟ್ಟೋ ಬ್ರಿಡ್ಜ್ ಕಡೆ. ಬ್ರಿಡ್ಜ್ ಕಡೆ ಪಿಕಪ್ಪನ್ನ ಹಿಂದಿನವರು ಬದಲಿಸಿದ್ದಾರೆ, ಅದರ ಮೇಲೆ ಹೆಸರೇ ಇಲ್ಲ. ನೆಕ್ ಪಿಕಪ್ ಒಂದೇ ಇಟ್ಟರೆ ಸೌಂಡ್ ತುಂಬಿ ಬರುತ್ತೆ, ಬ್ರಿಡ್ಜ್ ಒಂದೇ ಇಟ್ಟರೂ ಪರವಾಗಿಲ್ಲ. ಎರಡೂ ಫುಲ್ ಇಟ್ಟರೆ ಮಾತ್ರ ಕೆಳಗಿನ ಸ್ವರವೆಲ್ಲ ಮಾಯ, ಸೊಳ್ಳೆ ಗುಂಯ್ ಅಂದಂಗೆ ಕೇಳುತ್ತೆ. ಹಮ್, ಅಂದ್ರೆ ಕರೆಂಟಿನ ಗುಂ ಅನ್ನೋ ಸದ್ದು ಕೂಡ ಕಮ್ಮಿ ಆಗಲ್ಲ, ಜಾಸ್ತಿನೇ. ತಂತಿ ಮುಟ್ಟಿದರೆ ಸ್ವಲ್ಪ ತಗ್ಗುತ್ತೆ. ಟೋನ್ ನಾಬ್ ಅರ್ಧ ತಿರುಗಿಸಿದರೆ ಸಾಕು, ಪೂರಾ ಮಂಕು.

ರಸಮಂಜರಿ ಸ್ಟೇಜಲ್ಲಿ ನುಡಿಸಬೇಕು, ಅಲ್ಲಿ ಜನರೇಟರ್, ಎಲ್‌ಇಡಿ ಪಾರ್ ಲೈಟು ಎಲ್ಲಾ ಇರುತ್ತೆ. ಬಜೆಟ್ ಎಂಟು ಸಾವಿರ. ಮೂರು ದಾರಿ ಯೋಚಿಸಿದೀನಿ: ಹೊಸ ನಾಯ್ಸ್‌ಲೆಸ್ ಜೆ ಅಂದ್ರೆ ಜಾಝ್ ಪಿಕಪ್ ಜೋಡಿ, ಇಲ್ಲಾ ಬ್ಯಾಟರಿಯಿಂದ ಸಿಗ್ನಲ್ ಏರಿಸೋ ಆಕ್ಟಿವ್ ಪ್ರೀಆಂಪ್, ಇಲ್ಲಾ ಇದನ್ನ ಮಾರಿ ಮೇಲೆ ದುಡ್ಡು ಹಾಕಿ ಯಮಾಹಾ ಟಿಆರ್‌ಬಿಎಕ್ಸ್ 174 ಅಥವಾ 304 ಬೇಸ್. ತಿಳಿದವರು ಹೇಳ್ರಿ.

ಸೋಲ್ಡರ್_ಹೊಗೆ:

ದುಡ್ಡು ಸದ್ಯಕ್ಕೆ ಜೇಬಲ್ಲೇ ಇರಲಿ ಸರ್. ಒಂದೊಂದೇ ಇಟ್ಟಾಗ ಚೆನ್ನಾಗಿದ್ದು ಎರಡೂ ಸೇರಿದಾಗ ಲೋ ಎಂಡ್ ಹೋಗುತ್ತೆ ಅಂದ್ರೆ ಪಿಕಪ್ ಕೆಟ್ಟಿಲ್ಲ, ಎರಡೂ ಒಂದಕ್ಕೊಂದು ಉಲ್ಟಾ ಫೇಸಲ್ಲಿವೆ, ಒಂದು ಪ್ಲಸ್ ಕಡೆ ಹೋದಾಗ ಇನ್ನೊಂದು ಮೈನಸ್ ಕಡೆ. ಪ್ರೀಆಂಪ್ ಹಾಕಿದರೆ ಅದೇ ತೆಳ್ಳಗಿನ ಸೌಂಡು ಜೋರಾಗಿ ಕೇಳುತ್ತೆ, ಹಮ್ ಅದರ ಜೊತೆ ಬೋನಸ್.

ಜಾಝ್ ಬೇಸಲ್ಲಿ ಎರಡೂ ಸಿಂಗಲ್ ಕಾಯಿಲ್, ಅಂದ್ರೆ ಮ್ಯಾಗ್ನೆಟ್ ಸುತ್ತ ಒಂದೇ ವೈರ್ ಸುರುಳಿ. ಸರಿಯಾದ ಜೋಡಿಯಲ್ಲಿ ಒಂದರ ಮ್ಯಾಗ್ನೆಟ್ ಉಲ್ಟಾ, ಅದರ ಕಾಯಿಲ್ ಸುತ್ತಿದ ದಿಕ್ಕೂ ಉಲ್ಟಾ ಇರುತ್ತೆ. ತಂತಿಯ ಸಿಗ್ನಲ್‌ಗೆ ಎರಡು ಉಲ್ಟಾ ಸೇರಿ ಸುಲ್ಟಾ ಆಗುತ್ತೆ, ಕೂಡಿಕೊಳ್ಳುತ್ತೆ. ಹೊರಗಿಂದ ಬರೋ 50 ಹರ್ಟ್ಸ್ ಹಮ್‌ಗೆ ಮ್ಯಾಗ್ನೆಟ್ ಲೆಕ್ಕಕ್ಕಿಲ್ಲ, ಕಾಯಿಲ್ ದಿಕ್ಕು ಮಾತ್ರ ಲೆಕ್ಕ. ಅದಕ್ಕೆ ಎರಡೂ ವಾಲ್ಯೂಮ್ ಸಮ ಇಟ್ಟಾಗ ಹಮ್ ಹೊಡೆದುಹೋಗುತ್ತೆ. ನಿಮ್ಮಲ್ಲಿ ಸಿಗ್ನಲ್ ಹೊಡೆದುಹೋಗಿ ಹಮ್ ಕೂಡ್ತಾ ಇದೆ. ಬ್ರಿಡ್ಜ್ ಪಿಕಪ್ಪಿನ ಎರಡು ವೈರ್ ಅದಲುಬದಲಾಗಿದೆ ಅಂತ ನನ್ನ ಅಂದಾಜು.

ಗಿಟಾರ್ ಬಿಚ್ಚದೇ ಪರೀಕ್ಷೆ ಮಾಡಬಹುದು. ಕೇಬಲ್ ಚುಚ್ಚಿ, ಇನ್ನೊಂದು ತುದಿಯ ಪ್ಲಗ್ಗಿನ ಮೊನೆ, ಅಂದ್ರೆ ಟಿಪ್‌ಗೆ ಮಲ್ಟಿಮೀಟರಿನ ಕೆಂಪು, ಅದರ ಹಿಂದಿನ ಉದ್ದ ಭಾಗ ಸ್ಲೀವ್‌ಗೆ ಕಪ್ಪು. ಒಂದು ವಾಲ್ಯೂಮ್ ಫುಲ್, ಇನ್ನೊಂದು ಸೊನ್ನೆ, ಟೋನ್ ಫುಲ್. ಮೊದಲು ಓಮ್‌ನಲ್ಲಿ ನೋಡ್ರಿ. ಜಾಝ್ ಪಿಕಪ್ ಸಾಮಾನ್ಯವಾಗಿ 7 ರಿಂದ 8 ಕಿಲೋಓಮ್ ಇರುತ್ತೆ, ನಾಬ್ ಕೆಳಗಿನ ರೆಸಿಸ್ಟರ್ ಆದ ಪಾಟ್‌ಗಳು ಪ್ಯಾರಲಲ್‌ನಲ್ಲಿ ಕೂತಿರೋದ್ರಿಂದ ತುಸು ಕಮ್ಮಿ ತೋರಿಸುತ್ತೆ. ಆಮೇಲೆ 200 ಮಿಲಿವೋಲ್ಟ್ ಡಿಸಿಗೆ ಇಟ್ಟು, ಸ್ಕ್ರೂಡ್ರೈವರ್ ತುದಿಯನ್ನ ಪೋಲ್, ಅಂದ್ರೆ ಪಿಕಪ್ಪಿನ ಮೇಲೆ ಕಾಣೋ ಮ್ಯಾಗ್ನೆಟ್ ತುದಿಯ ಮೇಲೆ ಇಟ್ಟು ಪಟ್ ಅಂತ ಮೇಲೆತ್ತಿ. ಪ್ಲಸ್ ಬಂತಾ ಮೈನಸ್ ಬಂತಾ ಅಷ್ಟೇ ಮುಖ್ಯ, ಅಂಕಿ ಬೇಡ. ಮುಳ್ಳಿರೋ ಹಳೇ ಮೀಟರ್ ಸಿಕ್ಕರೆ ಇನ್ನೂ ಚೆಂದ, ಮುಳ್ಳು ಯಾವ ಕಡೆ ಒದೀತು ಅಂತ ಕಣ್ಣಿಗೇ ಕಾಣುತ್ತೆ. ಎರಡು ಪಿಕಪ್‌ಗೂ ಒಂದೇ ಚಿಹ್ನೆ ಬರಬೇಕು.

ಕೊನೇದಾಗಿ ಒಂದು ಸಣ್ಣ ದಿಕ್ಸೂಚಿ ಹಿಡಿದು, ಮುಳ್ಳಿನ ಯಾವ ತುದಿ ಯಾವ ಪಿಕಪ್ ಕಡೆ ವಾಲುತ್ತೆ ನೋಡಿ. ಫೋನ್ ಬೇಡ, ಅದರೊಳಗಿನ ಸೆನ್ಸರ್ ಮ್ಯಾಗ್ನೆಟ್ ಹತ್ತಿರ ದಿಕ್ಕು ತಪ್ಪುತ್ತೆ. ಎರಡು ಪಿಕಪ್ ಎರಡು ಬೇರೆ ತುದಿ ಎಳೆದರೆ ನಿಮ್ಮ ಅದೃಷ್ಟ: ವೈರ್ ಅದಲುಬದಲು ಮಾಡಿದ್ರೆ ತೆಳ್ಳಗಿನ ಸೌಂಡೂ ಹೋಗುತ್ತೆ, ಹಮ್ಮೂ ಹೋಗುತ್ತೆ. ಎರಡೂ ಒಂದೇ ತುದಿ ಎಳೆದರೆ ವೈರ್ ಬದಲಿಸಿದರೂ ಸೌಂಡ್ ಮಾತ್ರ ಸರಿಹೋಗುತ್ತೆ, ಹಮ್ ಉಳಿಯುತ್ತೆ.

ಬದಲಿಸೋ ಮುಂಚೆ ವೈರ್ ಯಾವ ತರದ್ದು ನೋಡ್ರಿ. ಎರಡು ಬಿಡಿ ವೈರ್ ಇದ್ದರೆ ತೊಂದರೆ ಇಲ್ಲ. ನಡುವೆ ಒಂದು ವೈರ್, ಸುತ್ತ ಜಾಳಿಗೆ ಇರೋ ಶೀಲ್ಡ್ ಕೇಬಲ್ ಆಗಿದ್ದರೆ ಹಾಗೇ ತಿರುಗಿಸಬೇಡಿ. ಜಾಳಿಗೆ ಹಾಟ್, ಅಂದ್ರೆ ಸಿಗ್ನಲ್ ವೈರ್ ಆಗಿಬಿಡುತ್ತೆ, ಆಂಟೆನಾ ಕಟ್ಟಿಕೊಂಡಂಗೆ.

ಕೋಟೆ_ಕೆಳಸ್ವರ:

ಮೇಲಿನವರು ಹೇಳಿದ್ದೇ ಸರಿ. ಟೋನ್ ನಾಬ್ ಬಗ್ಗೆ ಸೇರಿಸ್ತೀನಿ. ಕಂಟ್ರೋಲ್ ಪ್ಲೇಟ್ ಬಿಚ್ಚಿದಾಗ ಕೆಪಾಸಿಟರ್ ಮೇಲಿನ ಅಂಕಿ ಓದಿ. 104 ಅಂತಿದ್ದರೆ 0.1 ಮೈಕ್ರೋಫ್ಯಾರಡ್, ಮಂಕಾಗೋಕೆ ಅದೇ ಕಾರಣ. 473 ಹಾಕ್ರಿ, ಅಂದ್ರೆ 0.047. ಜಾಝ್ ಬೇಸಿಗೆ ರೂಢಿಯಲ್ಲಿರೋದು ಅದೇ. ರೇಡಿಯೋ ರಿಪೇರಿ ಸಾಮಾನು ಮಾರೋ ಯಾವ ಅಂಗಡಿಯಲ್ಲಾದ್ರೂ ಪಾಲಿಯೆಸ್ಟರ್ ಕೆಪಾಸಿಟರ್ ಚಿಲ್ಲರೆ ಕಾಸಿಗೆ ಸಿಗುತ್ತೆ. ಎಣ್ಣೆ ತುಂಬಿದ ವಿಂಟೇಜ್ ಕೆಪಾಸಿಟರ್ ಅಂತ ಸಾವಿರಗಟ್ಟಲೆ ಹೇಳೋರ ಮಾತಿಗೆ ಬೀಳಬೇಡಿ, ಬೆಲೆ ಅಷ್ಟೇ ಬೇರೆ. ಪಾಟ್ 250 ಕೆ ಇರಬೇಕು. ಸಿಗದಿದ್ದರೆ 220 ಕೆ ನಡೆಯುತ್ತೆ, ಕಿವಿಗೆ ಗೊತ್ತಾಗಲ್ಲ. 500 ಕೆ ಹಾಕಿದ್ರೆ ಸಿಂಗಲ್ ಕಾಯಿಲ್ ಕೀರಲಾಗುತ್ತೆ. ಪಾಟ್ ಮೇಲೆ ಎ ಅಂತಿದ್ದರೆ ಲಾಗ್, ಬಿ ಅಂತಿದ್ದರೆ ಲೀನಿಯರ್. ಟೋನಿಗೆ ಲಾಗ್ ಬೇಕು.

ಪಾಟ್ ಬೆನ್ನಿಗೆ ಗ್ರೌಂಡ್ ಬೆಸೆಯೋದರಲ್ಲೇ ಹೆಚ್ಚು ಜನ ಎಡವೋದು. 25 ವಾಟ್ ಐರನ್‌ಗೆ ಆ ಲೋಹ ಬಿಸಿ ಆಗಲ್ಲ. ಬಿಸಿ ಆಗಲಿ ಅಂತ ನಿಮಿಷಗಟ್ಟಲೆ ಒತ್ತಿ ಹಿಡಿದರೆ ಒಳಗಿನ ಕಾರ್ಬನ್ ಪಟ್ಟಿ ಸುಡುತ್ತೆ. 40 ರಿಂದ 60 ವಾಟ್ ಇರಲಿ. ಬೆನ್ನನ್ನ ಮರಳು ಕಾಗದದಿಂದ ಉಜ್ಜಿ, 60/40 ರೋಸಿನ್ ಕೋರ್ ಸೀಸ ಹಾಕಿ ಮೂರ್ನಾಲ್ಕು ಸೆಕೆಂಡಲ್ಲಿ ಮುಗಿಸಿ. ತಗಡು ಬೆಸೆಯೋರ ಆಸಿಡ್ ಹತ್ತಿರವೂ ಬೇಡ, ಒಂದು ಮಳೆಗಾಲ ಕಳೆಯೋದರಲ್ಲಿ ಜಾಯಿಂಟ್ ಹಸಿರಾಗಿರುತ್ತೆ.

ಜಾಝ್ ವೈರಿಂಗಲ್ಲಿ ಪಿಕಪ್ ಹಾಟ್ ವಾಲ್ಯೂಮ್ ಪಾಟಿನ ನಡುವಿನ ಕಾಲಿಗೆ ಬರುತ್ತೆ, ಔಟ್‌ಪುಟ್ ಹೊರಗಿನ ಕಾಲಿಂದ. ಸಾಮಾನ್ಯ ಗಿಟಾರಿಗೆ ಹಾಕೋ ತರ ಉಲ್ಟಾ ಹಾಕಿದ್ರೆ ಒಂದು ವಾಲ್ಯೂಮ್ ಸೊನ್ನೆ ಮಾಡಿದಾಗ ಎರಡೂ ಸತ್ತುಹೋಗುತ್ತೆ. ಹಿಂದಿನವರು ಕೈ ಹಾಕಿದ ಗಿಟಾರಾದ್ದರಿಂದ ಇದನ್ನೂ ನೋಡಿಬಿಡಿ.

ನಾಲ್ಕುತಂತಿ_ದಾವಣಗೆರೆ:

ಅಣ್ಣಾವ್ರೇ, ನೋಡಿದೆ. ನೆಕ್ 7.1 ಕೆ, ಬ್ರಿಡ್ಜ್ 7.4 ಕೆ. ನೆಕ್ ಪ್ಲಸ್, ಬ್ರಿಡ್ಜ್ ಮೈನಸ್. ದಿಕ್ಸೂಚಿಯ ಬೇರೆ ಬೇರೆ ತುದಿ ಎಳೆಯುತ್ತೆ. ವೈರ್ ಎರಡು ಬಿಡಿ, ಕಪ್ಪು ಬಿಳಿ. ತಿರುಗಿಸಿ ಬೆಸೆದೆ, ಎರಡೂ ತೆರೆದಾಗ ಸೌಂಡ್ ಗುಂಡಗಾಗಿದೆ, ಹಮ್ ಇಲ್ಲ ಅಂದ್ರೂ ನಡೆಯುತ್ತೆ. ಕೆಪಾಸಿಟರ್ 104ನೇ ಇತ್ತು, ಬದಲಿಸಿದೆ. ಬ್ರಿಡ್ಜ್ ಒಂದರಲ್ಲೇ ನುಡಿಸಿದರೆ ಮಾತ್ರ ಹಮ್, ಲೈಟ್ ಹತ್ತಿರ ಹೋದ್ರೆ ಜರ್ ಅನ್ನೋ ಸದ್ದು. ಕಾಪರ್ ಟೇಪ್ ಹಾಕಿದ್ರೆ ಪೂರ್ತಿ ಹೋಗುತ್ತಾ? ಇನ್ನೊಂದು, ಪ್ರಿಸಿಷನ್, ಅಂದ್ರೆ ಪಿ ಬೇಸ್ ತರ ದಪ್ಪ ಸೌಂಡ್ ಬೇಕು ಅಂದ್ರೆ ಇದರಲ್ಲೇ ಪಿ ಪಿಕಪ್ ಕೂರಿಸಬಹುದಾ?

ಪಿಬಿರೋಡ್_ಬೇಸ್:

ಟೇಪ್ ಹಾಕ್ರಿ, ಹಮ್ ಹೋಗುತ್ತೆ. 50 ಮಿ.ಮೀ. ಅಗಲದ್ದು, ಅಂಟಲ್ಲೂ ಕರೆಂಟ್ ಹರಿಯೋ ತರದ್ದು ತರಿಸಿ. ಗುಂಡಿ ಅಂದ್ರೆ ನಾಬ್ ಅಲ್ಲ, ಬಾಡಿಯಲ್ಲಿ ಕೊರೆದ ಕುಳಿ: ಕಂಟ್ರೋಲ್ ಗುಂಡಿ, ಎರಡು ಪಿಕಪ್ ಗುಂಡಿ ಸೇರಿ ಮೂರು ಮೀಟರ್ ಸಾಕು. ಅಡುಗೆಮನೆ ಅಲ್ಯೂಮಿನಿಯಂ ಫಾಯಿಲ್ ಬೇಡ, ಅದಕ್ಕೆ ಸೀಸ ಹಿಡಿಯಲ್ಲ. ತುಂಡು ತುಂಡಿನ ನಡುವೆ ಮೀಟರಲ್ಲಿ ಕಂಟಿನ್ಯುಟಿ ನೋಡಿ, ಒಂದು ಓಮ್ ಒಳಗೆ ಬರಬೇಕು. ಮೂರು ಗುಂಡಿಗೂ ಒಂದೊಂದು ವೈರ್ ಎಳೆದು ಪಾಟ್ ಬೆನ್ನಿನ ಗ್ರೌಂಡಿಗೆ ಸೇರಿಸಿ. ಜಾಕ್ ಇರೋ ಜಾಗದಲ್ಲಿ ಹುಷಾರ್. ಕೇಬಲ್ ಚುಚ್ಚಿದಾಗ ಟಿಪ್‌ನ ಎಲೆ ಹೊರಕ್ಕೆ ಬಾಗಿ ಟೇಪಿಗೆ ತಾಗುತ್ತೆ, ಸೌಂಡ್ ಬಂದ್. ಬಿಚ್ಚಿ ನೋಡಿದ್ರೆ ಎಲ್ಲಾ ಸರಿಯಾಗೇ ಕಾಣುತ್ತೆ, ಚುಚ್ಚಿದರೆ ಮತ್ತೆ ಬಂದ್. ಅಲ್ಲಿ ಇನ್ಸುಲೇಷನ್ ಟೇಪ್ ಎರಡು ಸುತ್ತು ಹಾಕಿಬಿಡಿ.

ಪಿ ಪಿಕಪ್ ಕೂರಿಸೋದು ಬೇಡ ಅಂತೀನಿ. ಜೆ ಗುಂಡಿಯಲ್ಲಿ ಅದು ಕೂರಲ್ಲ, ಬಾಡಿ ಕೊರೆಯಬೇಕು. ಬಡಗಿ ಹತ್ತಿರ ರೂಟರ್ ಇದೆ ಅಂದಮಾತ್ರಕ್ಕೆ ಟೆಂಪ್ಲೇಟ್ ಇಲ್ಲದೆ ಆ ಕೆಲಸ ಆಗಲ್ಲ, ಬಣ್ಣ ಎದ್ದು ಬರುತ್ತೆ. ಫೆಂಡರ್ ಪ್ರಿಸಿಷನ್ 1951ರದ್ದು, ಈಗ ನಾವು ನೋಡೋ ಎರಡು ತುಂಡಿನ ಪಿಕಪ್ ಬಂದಿದ್ದು 1957ರಲ್ಲಿ. ಒಂದು ತುಂಡಿಗೆ ಎರಡು ತಂತಿ. ಎರಡೂ ತುಂಡು ಒಂದಕ್ಕೊಂದು ಉಲ್ಟಾ, ಸೀರೀಸಲ್ಲಿ, ಅಂದ್ರೆ ಒಂದರ ಹಿಂದೆ ಒಂದು. ಅದಕ್ಕೇ ಹಮ್ ಇಲ್ಲ, ಮಿಡ್ ದಪ್ಪ. 1960ರ ಜಾಝಲ್ಲಿ ಎರಡು ಪಿಕಪ್ ಪ್ಯಾರಲಲ್ ಅಂದ್ರೆ ಅಕ್ಕಪಕ್ಕ ಜೋಡಿಸಿದ್ದು, ಮೇಲ್ಸ್ವರ ಸ್ಪಷ್ಟ, ನಡುವೆ ಒಂದು ಗುಳಿ. ರಸಮಂಜರಿಯಲ್ಲಿ ಡೋಲು, ಕೀಬೋರ್ಡಿನ ಎಡಗೈ ಎಲ್ಲಾ ಸೇರಿದಾಗ ಆ ಗುಳಿಯಲ್ಲೇ ಬೇಸ್ ಮುಳುಗೋದು. 1976ರ ಮ್ಯೂಸಿಕ್‌ಮ್ಯಾನ್ ಸ್ಟಿಂಗ್‌ರೇ ಬೇರೆ ದಾರಿ, ಎರಡು ಕಾಯಿಲಿನ ದೊಡ್ಡ ಹಂಬಕರ್ ಪಿಕಪ್ ಜೊತೆ ಆಕ್ಟಿವ್ ಪ್ರೀಆಂಪ್. ಹೆಬ್ಬೆರಳಲ್ಲಿ ತಂತಿ ಬಡಿಯೋ ಸ್ಲ್ಯಾಪ್‌ಗೆ ಚೆಂದ, ನಿಮಗೆ ಬೇಕಿರೋದು ಅದಲ್ಲ.

ಹೊಸ ಜೆ ಪಿಕಪ್ ತರಿಸೋದೇ ಆದರೆ ಅಳತೆ ಮೊದಲು. ಫೆಂಡರ್ ಅಳತೆಯಲ್ಲಿ ನೆಕ್ ಸುಮಾರು 91 ಮಿ.ಮೀ., ಬ್ರಿಡ್ಜ್ ಸುಮಾರು 94 ಮಿ.ಮೀ. ಕಡಿಮೆ ಬೆಲೆಯ ಎಷ್ಟೋ ಬೇಸಲ್ಲಿ ಎರಡೂ ಒಂದೇ ಉದ್ದ. ಅಳೆಯದೆ ಆರ್ಡರ್ ಮಾಡಿದ್ರೆ ಬ್ರಿಡ್ಜ್ ಪಿಕಪ್ ಗುಂಡಿಗೆ ಇಳಿಯಲ್ಲ. ಕಿಲೋಓಮ್ ಜಾಸ್ತಿ ಇದ್ದರೆ ಪವರ್ ಜಾಸ್ತಿ ಅನ್ನೋದೂ ಅರ್ಧ ಸತ್ಯ. ವೈರ್ ಸಣ್ಣದಾದರೆ ಓಮ್ ತಾನಾಗೇ ಏರುತ್ತೆ.

ಸೋಲ್ಡರ್_ಹೊಗೆ:

ಪಿಬಿರೋಡ್ ಅವರೇ, ಒಂದು ತಿದ್ದುಪಡಿ. ಟೇಪು ಜರ್ ಅನ್ನೋ ಬಜ್ ತಡೆಯುತ್ತೆ, ಎಲ್‌ಇಡಿ ಡಿಮ್ಮರ್, ಟ್ಯೂಬ್‌ಲೈಟಿನ ಕಿರಿಕಿರಿ ಅದು. ಟ್ರಾನ್ಸ್‌ಫಾರ್ಮರಿಂದ ಬರೋ ಗುಂ ಅನ್ನೋ ಹಮ್ ಮ್ಯಾಗ್ನೆಟಿಕ್, ತೆಳು ತಾಮ್ರ ಅದನ್ನ ತಡೆಯಲ್ಲ. ಸಿಂಗಲ್ ಕಾಯಿಲ್ ಒಂದನ್ನೇ ತೆರೆದಾಗ ಅದು ಇದ್ದೇ ಇರುತ್ತೆ. ಆಂಪಿಂದ ಎರಡು ಹೆಜ್ಜೆ ದೂರ ನಿಂತು ಬೇಸನ್ನ ತಿರುಗಿಸುತ್ತಾ ನೋಡಿ, ಒಂದು ಕೋನದಲ್ಲಿ ಹಮ್ ಹೆಚ್ಚೂಕಮ್ಮಿ ಸತ್ತುಹೋಗುತ್ತೆ. ಪೂರ್ತಿ ಬೇಡ ಅಂದ್ರೆ ನಾಯ್ಸ್‌ಲೆಸ್ ಪಿಕಪ್ಪೇ ಗತಿ.

ದಪ್ಪ ಸೌಂಡಿಗೆ ಬಾಡಿ ಕೊರೆಯೋದು ಬೇಡ, ಇರೋ ಎರಡನ್ನೇ ಸೀರೀಸ್ ಮಾಡಿ. ಎರಡು ಸಾಲಲ್ಲಿ ಮೂರು ಮೂರು ಕಾಲಿರೋ ಡಿಪಿಡಿಟಿ ಸ್ವಿಚ್ ಒಂದು ಸಾಕು, ಅಥವಾ ನೆಕ್ ವಾಲ್ಯೂಮ್ ತೆಗೆದು ಪುಷ್-ಪುಲ್ ಪಾಟ್, ಅಂದ್ರೆ ನಾಬ್ ಎಳೆದು ಒತ್ತಿದರೆ ಅದೇ ಸ್ವಿಚ್ ಆಗೋ ಪಾಟ್. ನೆಕ್ ಪಿಕಪ್ಪಿನ ಗ್ರೌಂಡ್ ವೈರನ್ನ ಪಾಟಿಂದ ಬಿಡಿಸಿ ಸ್ವಿಚ್ಚಿನ ಮೊದಲ ಸಾಲಿನ ನಡು ಕಾಲಿಗೆ ಹಾಕಿ. ಆ ಸಾಲಿನ ಕೆಳ ಕಾಲು ಗ್ರೌಂಡಿಗೆ, ಮೇಲ್ಕಾಲಿಗೆ ಬ್ರಿಡ್ಜ್ ಪಿಕಪ್ಪಿನ ಹಾಟ್. ಎರಡನೇ ಸಾಲಿನ ನಡು ಕಾಲು ಬ್ರಿಡ್ಜ್ ವಾಲ್ಯೂಮಿನ ನಡು ಕಾಲಿಗೆ, ಅದರ ಕೆಳ ಕಾಲಿಗೆ ಅದೇ ಬ್ರಿಡ್ಜ್ ಹಾಟ್, ಮೇಲ್ಕಾಲು ಖಾಲಿ. ಖಾಲಿ ಬಿಡೋದು ಮರೆತು ಬ್ರಿಡ್ಜ್ ಹಾಟನ್ನ ವಾಲ್ಯೂಮಲ್ಲೇ ಉಳಿಸಿದರೆ ಎರಡೂ ವಾಲ್ಯೂಮ್ ಫುಲ್ ಇದ್ದಾಗ ನೆಕ್ ಪಿಕಪ್ ಶಾರ್ಟ್ ಆಗುತ್ತೆ. ಸೀರೀಸಲ್ಲಿ ನೆಕ್ ವಾಲ್ಯೂಮೇ ಮಾಸ್ಟರ್, ಬ್ರಿಡ್ಜ್ ನಾಬ್ ಸುಮ್ಮನೆ ತಿರುಗುತ್ತೆ. ಸೌಂಡ್ ಜೋರಾಗುತ್ತೆ, ಮಿಡ್ ಏರುತ್ತೆ, ಮೇಲಿನ ಝಣಝಣ ಸ್ವಲ್ಪ ಇಳಿಯುತ್ತೆ. ಹಮ್ ಇಲ್ಲೂ ಹೊಡೆದುಹೋಗುತ್ತೆ. ಅಪ್ಪಟ ಪಿ ಅಲ್ಲ, ಆದರೆ ಸ್ಟೇಜಲ್ಲಿ ಮುಳುಗಲ್ಲ.

ಪುಷ್-ಪುಲ್ ತರಿಸೋ ಮುಂಚೆ ಪ್ಲೇಟಿನ ತೂತು ಅಳೆಯಿರಿ. ದೊಡ್ಡ ಪಾಟಿನ ಕುತ್ತಿಗೆಗೆ 9.5 ಮಿ.ಮೀ. ಬೇಕು, ಸಣ್ಣ ಪಾಟಿನ ತೂತು 7 ರಿಂದ 8 ಮಿ.ಮೀ. ಇರುತ್ತೆ. ರೀಮರಿಂದ ಅಗಲ ಮಾಡಿ, ಡ್ರಿಲ್ ಹಾಕಿದ್ರೆ ಪ್ಲೇಟ್ ಕಚ್ಚಿ ತಿರುಗಿ ಕೈ ಕುಯ್ಯುತ್ತೆ. ಗುಂಡಿಯ ಆಳವೂ ನೋಡಿ, ಪುಷ್-ಪುಲ್ ಉದ್ದ.

ಕೋಟೆ_ಕೆಳಸ್ವರ:

ಎರಡು ಮಾತು ಉಳಿದಿದೆ. ಪಿಕಪ್ ಎತ್ತರ ಮುಟ್ಟದೇ ಪಿಕಪ್ ಬಗ್ಗೆ ತೀರ್ಪು ಕೊಡಬೇಡಿ. ಕೊನೇ ಫ್ರೆಟ್ ಒತ್ತಿ ಹಿಡಿದು ಪೋಲಿಂದ ತಂತಿಗೆ ದಪ್ಪ ಇ ತಂತಿ ಕಡೆ ಸುಮಾರು 3 ಮಿ.ಮೀ., ಸಣ್ಣ ಜಿ ತಂತಿ ಕಡೆ 2 ಮಿ.ಮೀ. ಇಟ್ಟು ಶುರು ಮಾಡಿ. ಬ್ರಿಡ್ಜ್ ಪಿಕಪ್ ಹತ್ತಿರ ತಂತಿ ಕಮ್ಮಿ ಅಲುಗೋದ್ರಿಂದ ಅದನ್ನ ತುಸು ಮೇಲೆ ತರಬೇಕು. ತೀರಾ ಹತ್ತಿರ ತಂದರೆ ಮ್ಯಾಗ್ನೆಟ್ ತಂತಿಯನ್ನ ಎಳೆದು 12ನೇ ಫ್ರೆಟ್ ಮೇಲಿನ ಸ್ವರ ಅಲುಗಾಡುತ್ತೆ. ಸ್ಕ್ರೂ ಬಿಚ್ಚಿದರೂ ಪಿಕಪ್ ಮೇಲೆ ಬರದಿದ್ದರೆ ಕೆಳಗಿನ ಸ್ಪಂಜ್ ಸತ್ತಿದೆ, ಹೊಸದು ತುರುಕಿ. ನಮ್ಮ ದುರ್ಗದ ಬೇಸಿಗೆಯ ಒಣ ಹವೆಗೆ ನೆಕ್ ಹಿಂದಕ್ಕೆ ಬಾಗಿ ತಂತಿ ಫ್ರೆಟ್‌ಗೆ ತಾಗಬಹುದು, ಅದನ್ನ ಪಿಕಪ್ ತಪ್ಪು ಅಂದುಕೊಳ್ಳೋರಿದ್ದಾರೆ. ಒಂದನೇ ಫ್ರೆಟ್ಟು, ಕೊನೇ ಫ್ರೆಟ್ಟು ಒತ್ತಿ 8ನೇದರ ಮೇಲೆ 0.3 ಮಿ.ಮೀ. ಸಂದು ಇರಬೇಕು. ನೆಕ್ಕಿನ ಬಾಗು ಹೊಂದಿಸೋ ಒಳಗಿನ ಸರಳು, ಟ್ರಸ್ ರಾಡ್, ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ.

ಎರಡನೇದು ಜೀವದ ಮಾತು. ದುಗ್ಗಮ್ಮನ ಜಾತ್ರೆ ಇರಲಿ, ಗಣಪತಿ ಪೆಂಡಾಲ್ ಇರಲಿ, ಜನರೇಟರ್ ಲೈನಲ್ಲಿ ಅರ್ಥಿಂಗ್ ಇದೆ ಅಂತ ನಂಬಬೇಡಿ. ಬೇಸ್ ತಂತಿ ಆಂಪ್ ಗ್ರೌಂಡಿಗೆ ಸೇರಿರುತ್ತೆ, ಮೈಕ್ ಮಿಕ್ಸರ್ ಗ್ರೌಂಡಿಗೆ. ಎರಡರ ನಡುವೆ ವೋಲ್ಟೇಜ್ ಇದ್ದು ತುಟಿ ಮೈಕಿಗೆ ತಾಗಿದರೆ ಷಾಕ್ ಮೈಯೊಳಗಿಂದಲೇ ಹಾಯೋದು. ನುಡಿಸೋ ಮುಂಚೆ ಮೀಟರನ್ನ 750 ವೋಲ್ಟ್ ಎಸಿಗೆ ಇಟ್ಟು, ತಂತಿಗೊಂದು ಮೈಕ್ ಜಾಳಿಗೊಂದು ಪ್ರೋಬ್ ತಾಗಿಸಿ ನೋಡಿ. ಹತ್ತಾರು ವೋಲ್ಟ್ ತೋರಿಸಿದರೆ ಲೈನ್ ಸರಿಮಾಡೋವರೆಗೂ ಬೇಸ್ ಕೈಗೆತ್ತಿಕೊಳ್ಳಬೇಡಿ. ಹಮ್ ಹೋಗಲಿ ಅಂತ ಆಂಪಿನ ಅರ್ಥ್ ಪಿನ್ ಕಿತ್ತುಹಾಕೋರು ಎಲ್ಲಾ ಊರಲ್ಲೂ ಸಿಗ್ತಾರೆ, ಅವರಿಂದ ಪ್ಲಗ್ ದೂರ ಇಡಿ.

304ರ ಆಸೆ ಇನ್ನೂ ಇದ್ದರೆ: ಅದು ಆಕ್ಟಿವ್, 9 ವೋಲ್ಟ್ ಬ್ಯಾಟರಿ ಬೇಕು. ಆಕ್ಟಿವ್ ಬೇಸಲ್ಲಿ ಕೇಬಲ್ ಚುಚ್ಚಿದ ಕ್ಷಣದಿಂದ ಬ್ಯಾಟರಿ ಓಡ್ತಾ ಇರುತ್ತೆ, ನುಡಿಸಿ ಮುಗಿದ ಮೇಲೆ ಕೇಬಲ್ ಕೀಳಲೇಬೇಕು. 174 ಪ್ಯಾಸಿವ್, ನೆಕ್ ಕಡೆ ಪಿ, ಬ್ರಿಡ್ಜ್ ಕಡೆ ಜೆ. ನಿಮ್ಮ ಕೆಲಸಕ್ಕೆ ಅದು ಹೊಂದುತ್ತೆ, ಆದರೆ ಮೊದಲು ಆ ಸ್ವಿಚ್ ಹಾಕಿ ಒಂದು ಪ್ರೋಗ್ರಾಂ ನುಡಿಸಿ ನೋಡಿ, ಆಮೇಲೆ ಮಾರೋ ಮಾತು.