ಸ್ಕೀ ಆಡದವರು ಜರ್ಮಾಟ್‌ನ ದೊಡ್ಡ ಹೋಟೆಲಿನಲ್ಲಿ ತಂಗುವುದು ಸಾರ್ಥಕವೇ?

ತೊಗರಿ_ಕಣಜ (ಕಲಬುರಗಿ):

ಬರುವ ಜನವರಿಯಲ್ಲಿ ತಂದೆತಾಯಿಯವರನ್ನು ಕರೆದುಕೊಂಡು ಸ್ವಿಟ್ಜರ್‌ಲ್ಯಾಂಡಿಗೆ ಹೋಗಬೇಕೆಂದು ನಾನೂ ನನ್ನ ಪತ್ನಿಯೂ ನಿಶ್ಚಯಿಸಿದ್ದೇವೆ. ತಂದೆಯವರು ನಿವೃತ್ತ ಭೂಗೋಳ ಶಿಕ್ಷಕರು. ಹಿಮನದಿಗಳು ಸುತ್ತಲೂ ಕೊರೆದು ಶಿಖರವನ್ನು ಕೊಂಬಿನ ಆಕಾರಕ್ಕೆ ತರುವ ಬಗೆಯನ್ನು ಕಪ್ಪು ಹಲಗೆಯ ಮೇಲೆ ಮ್ಯಾಟರ್‌ಹಾರ್ನ್ ಬರೆದೇ ವಿವರಿಸುತ್ತಿದ್ದರು. ಆ ಶಿಖರದ ಬುಡದಲ್ಲಿರುವ ಜರ್ಮಾಟ್ ಊರಿನಲ್ಲಿ, ಅದು ಕಿಟಕಿಯಿಂದಲೇ ಕಾಣುವ ಹೋಟೆಲಿನಲ್ಲಿ ಅವರನ್ನು ಕೆಲವು ರಾತ್ರಿ ಇರಿಸಬೇಕೆಂಬುದು ನನ್ನ ಬಹುದಿನದ ಆಸೆ. ಆದರೆ ನಮ್ಮಲ್ಲಿ ಯಾರಿಗೂ ಸ್ಕೀ ಬಾರದು, ತಾಯಿಯವರಿಗೆ ಮೊಣಕಾಲು ನೋವಿದೆ, ಎಲ್ಲರೂ ಮೊಟ್ಟೆಯನ್ನೂ ಮುಟ್ಟದ ಶಾಕಾಹಾರಿಗಳು. ಸ್ಕೀ ಆಟಗಾರರಿಗಾಗಿಯೇ ಬೆಳೆದ ಊರಿನಲ್ಲಿ ಅಷ್ಟು ಹಣ ತೆತ್ತು ತಂಗುವುದು ನಮ್ಮಂಥವರಿಗೆ ಸರಿಯೇ? ಕೋಣೆ ಕಾಯ್ದಿರಿಸುವಾಗ ಏನನ್ನು ಗಮನಿಸಬೇಕು?

ಬಿದರಿ_ಕುಸುರಿ (ಬೀದರ್):

ಖಂಡಿತ ಹೋಗಿ. ಆದರೆ ಹೋಟೆಲಿಗೆ ಎಷ್ಟು ನಕ್ಷತ್ರಗಳಿವೆ ಎಂಬುದಕ್ಕಿಂತ ನಿಮಗೆ ಕೊಡುವ ಕೋಣೆ ಯಾವ ದಿಕ್ಕಿಗಿದೆ ಎಂಬುದನ್ನು ಮೊದಲು ನೋಡಿ. ಶಿಖರವು ಊರಿನ ನೈಋತ್ಯಕ್ಕಿದೆ. ಒಂದೇ ಹೋಟೆಲಿನಲ್ಲಿ ಒಂದು ಬದಿಯ ಕೋಣೆಗೆ ಅದು ಪೂರ್ತಿ ಕಂಡರೆ, ಇನ್ನೊಂದು ಬದಿಯ ಕೋಣೆಗೆ ಎದುರು ಮನೆಯ ಮಾಡು ಮಾತ್ರ ಕಾಣುತ್ತದೆ. ಆದ್ದರಿಂದ ಶಿಖರ ಕಾಣುವ ಕೋಣೆಯೆಂದು ಬುಕಿಂಗ್ ಪತ್ರದಲ್ಲಿಯೇ ಬರೆಸಿಕೊಳ್ಳಿ. ದರ ಹೆಚ್ಚಾದರೂ ತಂದೆಯವರಿಗಾಗಿ ಅಷ್ಟು ಮಾಡಲೇಬೇಕು. ಜನವರಿಯಲ್ಲಿ ಅಲ್ಲಿ ಸೂರ್ಯೋದಯ ಬೆಳಗಿನ 8 ಗಂಟೆಯ ಸುಮಾರಿಗೆ. ಊರೆಲ್ಲ ಇನ್ನೂ ನೀಲಿ ನೆರಳಿನಲ್ಲಿರುವಾಗ 4,478 ಮೀಟರ್ ಎತ್ತರದ ಆ ಶಿಖರದ ತುದಿ ಮಾತ್ರ ತಾಮ್ರದ ಬಣ್ಣಕ್ಕೆ ತಿರುಗುತ್ತದೆ, ಆ ಬೆಳಕು ಪೂರ್ವದ ಮುಖದ ಮೇಲೆ ಮೆಲ್ಲಗೆ ಕೆಳಗಿಳಿಯುತ್ತದೆ. ಹೊದಿಕೆಯೊಳಗೆ ಕುಳಿತೇ ಇದನ್ನು ನೋಡುವ ಭಾಗ್ಯ ಅಗ್ಗದ ಊರಿನಲ್ಲಿ ತಂಗಿ ರೈಲಿನಲ್ಲಿ ಬಂದು ಹೋಗುವವರಿಗೆ ಸಿಗುವುದಿಲ್ಲ.

ತಾಯಿಯವರ ವಿಷಯಕ್ಕೆ ಬಂದರೆ, ಜರ್ಮಾಟ್‌ಗೆ ಹೊರಗಿನ ಕಾರುಗಳು ಬರುವಂತಿಲ್ಲ. ಕಾರಿನಲ್ಲಿ ಬಂದವರು ಹತ್ತಿರದ ಟೇಶ್ ಊರಿನಲ್ಲಿ ನಿಲ್ಲಿಸಿ, ಅಲ್ಲಿಂದ ಸುಮಾರು 12 ನಿಮಿಷ ರೈಲಿನಲ್ಲಿ ಹೋಗಬೇಕು. ನೀವು ಜ್ಯೂರಿಕ್‌ನಿಂದ ಬರುವುದಾದರೆ ಫಿಸ್ಪ್‌ನಲ್ಲಿ ರೈಲು ಬದಲಿಸಿ ನೇರವಾಗಿ ಊರೊಳಗೇ ಇಳಿಯಬಹುದು. ನಿಲ್ದಾಣದಿಂದ ಮುಂದೆ ಓಡಾಡುವುದು ಪುಟ್ಟ ವಿದ್ಯುತ್ ಟ್ಯಾಕ್ಸಿಗಳು. ದೊಡ್ಡ ಹೋಟೆಲುಗಳು ತಮ್ಮದೇ ವಿದ್ಯುತ್ ಗಾಡಿಯನ್ನು ಕಳುಹಿಸುತ್ತವೆ. ನಿಮ್ಮ ರೈಲಿನ ಸಮಯವನ್ನು ಮೊದಲೇ ಬರೆದು ತಿಳಿಸಿದರೆ, ತಾಯಿಯವರು ಮಂಜುಗಟ್ಟಿದ ರಸ್ತೆಯಲ್ಲಿ ಹೆಜ್ಜೆ ಇಡುವ ಪ್ರಸಂಗವೇ ಬರುವುದಿಲ್ಲ.

ಊಟದ ಮಾತನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಇಂಥ ಹೋಟೆಲುಗಳಲ್ಲಿ ಬೆಳಗಿನ ಉಪಾಹಾರ ಮತ್ತು ರಾತ್ರಿಯ ಊಟ ಸೇರಿದ 'ಹಾಫ್ ಬೋರ್ಡ್' ದರ ಸಾಮಾನ್ಯ. ಶಾಕಾಹಾರಿ ಎಂದಷ್ಟೇ ತಿಳಿಸಿದರೆ ಸಾಲದು, ಏಕೆಂದರೆ ತರಕಾರಿ ಸೂಪನ್ನು ಮಾಂಸದ ಸಾರಿನಲ್ಲಿ ಮಾಡಿರಬಹುದು, ಆಲೂಗಡ್ಡೆಯ ರೋಸ್ಟಿಯಲ್ಲಿ ಹಂದಿಮಾಂಸದ ಚೂರುಗಳಿರಬಹುದು, ಕರಗಿಸಿದ ಚೀಸಿನ ಫಾಂಡ್ಯೂಗೆ ಬಿಳಿ ವೈನ್ ಹಾಕುವುದು ಅಲ್ಲಿನ ರೂಢಿ. ಅಲ್ಲಿನ ಸಾಂಪ್ರದಾಯಿಕ ಚೀಸ್‌ಗಳನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸಿ ಹೆಪ್ಪುಗಟ್ಟಿಸುತ್ತಾರೆ ಎಂಬುದೂ ಹಿರಿಯರಿಗೆ ತಿಳಿದಿರಲಿ. ಮಾಂಸ, ಮೀನು, ಮೊಟ್ಟೆ, ಮಾಂಸದ ಸಾರು, ಮದ್ಯ ಇವು ಯಾವುವೂ ಬೇಡವೆಂದು ಒಂದೊಂದನ್ನೂ ಹೆಸರಿಸಿ ಮುಂಚೆಯೇ ಇ-ಮೇಲ್ ಬರೆಯಿರಿ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿ. ತುಪ್ಪ, ಪೇಡಾಗಳನ್ನು ಮಾತ್ರ ಒಯ್ಯಬೇಡಿ, ಭಾರತದಿಂದ ಹಾಲಿನ ಪದಾರ್ಥ ತರುವುದನ್ನು ಆ ದೇಶ ನಿಷೇಧಿಸಿದೆ.

ಭೀಮಾ_ತೀರ (ಯಾದಗಿರಿ):

ಮೇಲಿನವರ ಮಾತನ್ನು ಬಹುಪಾಲು ಒಪ್ಪುತ್ತೇನೆ, ಆದರೆ ಎಲ್ಲ ರಾತ್ರಿಗಳನ್ನೂ ದೊಡ್ಡ ಹೋಟೆಲಿನಲ್ಲಿಯೇ ಕಳೆಯುವ ಅಗತ್ಯ ನನಗೆ ಕಾಣುವುದಿಲ್ಲ. ಅಲ್ಲಿ ನೀವು ತೆರುವ ಹಣದಲ್ಲಿ ಸ್ಕೀ ಕೋಣೆ, ಬೂಟು ಒಣಗಿಸುವ ಯಂತ್ರ, ಸೌನಾ ಎಂಬ ಬೆವರಿಳಿಸುವ ಬಿಸಿ ಕೋಣೆ ಇವುಗಳ ಪಾಲೂ ಸೇರಿರುತ್ತದೆ. ಸೌನಾದಲ್ಲಂತೂ ಗಂಡಸರು ಹೆಂಗಸರು ಒಟ್ಟಿಗೆ ಬಟ್ಟೆಯಿಲ್ಲದೆ ಕುಳಿತುಕೊಳ್ಳುವುದು ಆ ಭಾಗದಲ್ಲಿ ಸಹಜ ಪದ್ಧತಿ. ಹಿರಿಯರನ್ನು ಒಳಗೆ ಕಳುಹಿಸುವ ಮುನ್ನ ವಿಚಾರಿಸಿಕೊಳ್ಳಿ. ಮೊದಲ ಎರಡು ರಾತ್ರಿ ಶಿಖರ ಕಾಣುವ ಹೋಟೆಲಿನಲ್ಲಿದ್ದು, ಉಳಿದ ದಿನಗಳಿಗೆ ಅಡುಗೆಮನೆಯಿರುವ ಅಪಾರ್ಟ್‌ಮೆಂಟ್ ಹಿಡಿದರೆ ಬಿಸಿ ಅನ್ನ, ತೊವ್ವೆ ಮನೆಯಂತೆಯೇ ಆಗುತ್ತದೆ; ನಿಲ್ದಾಣದ ಎದುರೇ ಸೂಪರ್‌ಮಾರ್ಕೆಟ್ ಇದೆ.

ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಮತ್ತು ಫೆಬ್ರವರಿಯ ಶಾಲಾ ರಜೆಯಲ್ಲಿ ದರ ಏರುತ್ತದೆ, ಕನಿಷ್ಠ ಇಷ್ಟು ರಾತ್ರಿ ಇರಲೇಬೇಕೆಂಬ ಷರತ್ತೂ ಇರುತ್ತದೆ. ಜನವರಿಯ ನಡುವಿನ ವಾರಗಳು ನಿಮಗೆ ಅನುಕೂಲ. ವೀಸಾ ಕೈಸೇರುವವರೆಗೆ ಹಣ ಮರಳಿಸುವ ಷರತ್ತಿನ ಕೋಣೆಯನ್ನಷ್ಟೇ ಕಾಯ್ದಿರಿಸಿ. ಸ್ವಿಟ್ಜರ್‌ಲ್ಯಾಂಡಿಗೆ ಬೇಕಾದ ಶೆಂಗೆನ್ ವೀಸಾದ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಸಲ್ಲಿಸಬಹುದು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ.

ತೊಗರಿ_ಕಣಜ (ಕಲಬುರಗಿ):

ಇಬ್ಬರಿಗೂ ಅನಂತ ಧನ್ಯವಾದಗಳು. ಎರಡು ರಾತ್ರಿ ಹೋಟೆಲು, ಉಳಿದದ್ದು ಅಪಾರ್ಟ್‌ಮೆಂಟ್ ಎಂಬ ಸಲಹೆ ಮನೆಯವರಿಗೆಲ್ಲ ಹಿಡಿಸಿತು. ಇನ್ನೊಂದು ಮಾತು ಕೇಳಬೇಕಿತ್ತು: ತಂದೆಯವರಿಗೆ ರಕ್ತದೊತ್ತಡಕ್ಕೆ ಮಾತ್ರೆ ನಡೆಯುತ್ತಿದೆ. ಅವರು ಎಷ್ಟು ಎತ್ತರದವರೆಗೆ ಹೋಗಬಹುದು?

ಕೋಟೆ_ಬಾಗಿಲು (ಕಲಬುರಗಿ):

ವೈದ್ಯನಾಗಿ ಹೇಳುವುದಾದರೆ, ಒತ್ತಡ ಹತೋಟಿಯಲ್ಲಿದ್ದರೆ ಸುಮಾರು 1,600 ಮೀಟರ್ ಎತ್ತರದ ಜರ್ಮಾಟ್‌ನಲ್ಲಿ ತಂಗುವುದು ಸಾಮಾನ್ಯವಾಗಿ ತೊಂದರೆಯಲ್ಲ. ಆದರೂ ಹೊರಡುವ ಮುನ್ನ ಅವರನ್ನು ನೋಡುವ ವೈದ್ಯರಿಗೆ ತೋರಿಸಿ. ಬಂದ ದಿನವೇ ಮೇಲಕ್ಕೆ ಹೋಗದೆ, ಒಂದು ದಿನ ಊರಿನಲ್ಲಿಯೇ ವಿಶ್ರಾಂತಿ ಪಡೆಯಲಿ. ಆ ದಿನಕ್ಕೆ ಚರ್ಚಿನ ಬಳಿಯ ಮ್ಯಾಟರ್‌ಹಾರ್ನ್ ವಸ್ತುಸಂಗ್ರಹಾಲಯ ಚೆನ್ನಾಗಿ ಒದಗುತ್ತದೆ. 1865ರ ಜುಲೈ 14ರಂದು ಮೊದಲ ಬಾರಿಗೆ ಶಿಖರವೇರಿದ ಏಳು ಮಂದಿಯಲ್ಲಿ ನಾಲ್ವರು ಇಳಿಯುವಾಗ ಬಿದ್ದು ಸತ್ತರು. ಅಂದು ತುಂಡಾದ ಹಗ್ಗ ಅಲ್ಲಿದೆ.

ಮರುದಿನ ಗೋರ್ನರ್‌ಗ್ರಾಟ್ ಬೆಟ್ಟಕ್ಕೆ ಹಲ್ಲುಗಾಲಿಯ ರೈಲಿನಲ್ಲಿ ಹೋಗಬಹುದು. 1898ರಿಂದ ಓಡುತ್ತಿರುವ ಈ ರೈಲು ಅರ್ಧ ಗಂಟೆಗೆ ತುಸು ಹೆಚ್ಚಿನ ಅವಧಿಯಲ್ಲಿ 3,089 ಮೀಟರ್ ತಲುಪಿಸುತ್ತದೆ, ಎದುರಿಗೇ ಗೋರ್ನರ್ ಹಿಮನದಿ ಹರಡಿಕೊಂಡಿರುತ್ತದೆ. ಅಲ್ಲಿ ಆತುರದಿಂದ ನಡೆಯಬಾರದು. ತಲೆನೋವು, ಉಬ್ಬಸ ಕಂಡರೆ ಮುಂದಿನ ರೈಲಿಗೇ ಇಳಿಸಿಬಿಡಿ. 3,883 ಮೀಟರಿನ ಕೇಬಲ್ ಕಾರ್ ನಿಲ್ದಾಣವನ್ನು ಈ ವಯಸ್ಸಿನಲ್ಲಿ ಬಿಟ್ಟುಬಿಡುವುದು ಒಳ್ಳೆಯದು. ಮಾತ್ರೆಗಳನ್ನು ಔಷಧ ಚೀಟಿಯೊಂದಿಗೆ ಕೈಚೀಲದಲ್ಲಿಯೇ ಇರಿಸಿ, ಕಪ್ಪು ಕನ್ನಡಕ ಎಲ್ಲರಿಗೂ ಇರಲಿ, ತಾಯಿಯವರ ಬೂಟಿಗೆ ಸಿಕ್ಕಿಸುವ ಮುಳ್ಳುಪಟ್ಟಿಯನ್ನು ಜರ್ಮಾಟ್‌ನ ಅಂಗಡಿಯಲ್ಲಿಯೇ ಕೊಳ್ಳಿರಿ.