‘ಅಸಂಪ್ಶನ್‌’ಗೆ ‘ಇಟ್ಟುಕೊಂಡದ್ದು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಮೂರು ವಾರದಿಂದ ಒಂದು ಪದ ಹುಡುಕುತ್ತಿದ್ದೇನೆ. ಅದು ಎಲ್ಲಿ ಬೇಕಾಯಿತು ಎಂದು ಮೊದಲು ಹೇಳಿಬಿಡುತ್ತೇನೆ.

ನನ್ನ ಸೋದರಮಾವ ಮುಂಬಯಿಯ ಮುಲುಂಡಿನಲ್ಲಿ ಚಿಕ್ಕ ಹೋಟೆಲ್ ನಡೆಸುತ್ತಾರೆ. ಅಡುಗೆಮನೆಗೆ ಈಗಿರುವ ಸಿಲಿಂಡರೇ ಸಾಕೇ, ಪೈಪ್ ಗ್ಯಾಸ್ ಹಾಕಿಸಬೇಕೇ ಎಂಬ ಯೋಚನೆ ಅವರಿಗೆ. ತೂಗಿ ನೋಡಲು ನಾನು ಎಕ್ಸೆಲ್‌ನಲ್ಲಿ ಒಂದು ಫೈಲ್ ಮಾಡಿಕೊಟ್ಟೆ. ಮಾವ ಹಗಲು ಹೋಟೆಲಿನಲ್ಲಿ ದುಡಿದು ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ಹಾಗಾಗಿ ಹಾಳೆಯ ತಲೆಬರಹ, ವಿವರಣೆ, ಬಳಸುವ ಕ್ರಮ ಎಲ್ಲವನ್ನೂ ಕನ್ನಡದಲ್ಲೇ ಬರೆಯಬೇಕು ಎಂದು ಕೂತೆ.

ಈ ಹಾಳೆಯಲ್ಲಿ ಮೂರು ಬಗೆಯ ಅಂಕಿಗಳಿವೆ. ಮೊದಲನೆಯದು ಬಿಲ್ಲಿನಲ್ಲಿ ಇರುವಂಥದ್ದು: ಕಳೆದ ತಿಂಗಳು 19 ಕೆಜಿಯ ಸಿಲಿಂಡರ್ ಎಷ್ಟು ಬಂತು, ದರ ಎಷ್ಟು. ಇದರಲ್ಲಿ ಚರ್ಚೆಯೇ ಇಲ್ಲ. ಎರಡನೆಯದು ಲೆಕ್ಕ ಹಾಕಿ ಹತ್ತಿರಕ್ಕೆ ಬಂದದ್ದು. ಒಂದು 19 ಕೆಜಿ ಸಿಲಿಂಡರ್ ಕೊಡುವಷ್ಟು ಶಾಖಕ್ಕೆ ಸುಮಾರು 23 ಘನ ಮೀಟರ್ ಪೈಪ್ ಗ್ಯಾಸ್ ಬೇಕು. ಇದಕ್ಕೆ ‘ಅಂದಾಜು’ ಎಂಬ ಒಳ್ಳೆಯ ಪದ ಇದೆ. ಪಾರಸಿಯಿಂದ ಬಂದರೂ ಈಗ ನಮ್ಮದೇ.

ಕಷ್ಟ ಆದದ್ದು ಮೂರನೆಯದಕ್ಕೆ. ಮುಂದಿನ ವರ್ಷ ಸಿಲಿಂಡರ್ ದರ ನೂರಕ್ಕೆ 5 ಏರುತ್ತದೆ ಎಂಬಂಥದ್ದು. ಇದನ್ನು ಯಾರೂ ಅಳೆದಿಲ್ಲ, ಅಳೆಯಲು ಬರುವುದೂ ಇಲ್ಲ. ಲೆಕ್ಕ ಮುಂದೆ ಹೋಗಲಿ ಎಂದು ನಾವು ಹಾಕಿದ ಅಂಕಿ ಅದು. ಇಂಗ್ಲಿಷಿನಲ್ಲಿ ಅಸಂಪ್ಶನ್ ಎನ್ನುತ್ತಾರೆ. ಕನ್ನಡದಲ್ಲಿ?

ನಾನು ಮೊದಲು ‘ಊಹೆಗಳು’ ಎಂದು ಬರೆದೆ. ಮಾವ ಓದಿದವರೇ, “ಊಹೆ ನಂಬಿ ಪೈಪ್ ಗ್ಯಾಸಿಗೆ ಒಂದು ಲಕ್ಷ ಎಪ್ಪತ್ತು ಸಾವಿರ ಹಾಕುವುದಾ ಮಾರಾಯ?” ಎಂದು ಕನ್ನಡಕ ತೆಗೆದಿಟ್ಟರು. ಅವರ ಮಾತಿನಲ್ಲಿ ತಪ್ಪಿಲ್ಲ. ಊಹೆ ಅಂದರೆ ನಿಜ ಏನೋ ಇದೆ, ಅದು ನಮಗೆ ಗೊತ್ತಿಲ್ಲ, ಏನಿರಬಹುದು ಎಂದು ಮನಸ್ಸಿನಲ್ಲಿ ಅಂದುಕೊಳ್ಳುವುದು. ಸರಿಯೂ ಆಗಬಹುದು, ತಪ್ಪೂ ಆಗಬಹುದು. ‘ಕಲ್ಪನೆ’ ಇನ್ನೂ ಗಾಳಿಯಲ್ಲಿದೆ. ‘ಪೂರ್ವಕಲ್ಪನೆ’ ಎಂದು ಬರೆದರೆ ಅಡುಗೆಮನೆಯಲ್ಲಿ ಯಾರೂ ಓದುವುದಿಲ್ಲ.

ಹೋಟೆಲಿನ ಲೆಕ್ಕ ನೋಡುವವರು ಮರಾಠಿಯವರು. ಅವರು ತಟ್ಟನೆ “ಗೃಹೀತ್ ಧರಾ” (ಹಾಗೆಂದು ಹಿಡಿದುಕೊಳ್ಳಿ) ಅಂದರು. ಮರಾಠಿಯಲ್ಲಿ ಅದು ದಿನಬಳಕೆಯ ಮಾತು. ನಮ್ಮಲ್ಲೂ ‘ಗೃಹೀತ’ ಇದೆ, ಆದರೆ ಹೆಚ್ಚಾಗಿ ವಿಮರ್ಶೆಯ ಬರಹಗಳಲ್ಲಿ. ಅಲ್ಲಿ ಅದರ ಅರ್ಥ ಬೇರೆ ಕಡೆ ವಾಲುತ್ತದೆ. ಲೇಖಕ ಹೇಳದೆ, ಕೆಲವೊಮ್ಮೆ ತನಗೇ ಗೊತ್ತಿಲ್ಲದೆ, ಒಪ್ಪಿಕೊಂಡುಬಿಟ್ಟ ನಂಬಿಕೆಗೆ ಗೃಹೀತ ಎನ್ನುತ್ತೇವೆ ಅಲ್ವಾ? ಹಾಳೆಯಲ್ಲಿ ನನಗೆ ಬೇಕಾದದ್ದು ಅದರ ತದ್ವಿರುದ್ಧ. ಎಲ್ಲರ ಕಣ್ಣಿಗೆ ಬೀಳುವ ಹಾಗೆ ಎದುರಿಗೆ ಇಟ್ಟದ್ದು, ಬೇಡವಾದರೆ ಬದಲಾಯಿಸಬಹುದಾದದ್ದು.

ಆಗ ನಮ್ಮ ಶಾಲೆ ನೆನಪಾಯಿತು. ನಾನು ಓದಿದ್ದು ಇಲ್ಲಿನ ಮುನಿಸಿಪಾಲಿಟಿ ಕನ್ನಡ ಶಾಲೆಯಲ್ಲಿ. ಗಣಿತದ ಟೀಚರ್ ಪ್ರತಿ ಲೆಕ್ಕವನ್ನೂ ಹೀಗೇ ಶುರು ಮಾಡುತ್ತಿದ್ದರು: “ಒಂದು ಬುಟ್ಟಿಯಲ್ಲಿ 40 ಮಾವಿನಹಣ್ಣು ಇದೆ ಎಂದಿಟ್ಟುಕೊಳ್ಳಿ.” ಎಂದಿಟ್ಟುಕೊಳ್ಳಿ! ಬುಟ್ಟಿ ನಿಜವಾಗಿ ಇದೆಯೇ ಎಂದು ಯಾವ ಮಗುವೂ ಕೇಳಲಿಲ್ಲ. ಇಟ್ಟುಕೊಂಡೆವು, ಲೆಕ್ಕ ಮಾಡಿದೆವು, ಅಷ್ಟೇ. ಮನೆಯಲ್ಲೂ ಹಾಗೇ. “ಊಟಕ್ಕೆ ಐವತ್ತು ಜನ ಅಂತ ಇಟ್ಕೊಳ್ಳೋಣ” ಎಂದು ಅಮ್ಮ ಅಕ್ಕಿ ಅಳೆಯುತ್ತಿದ್ದರು. ಈ ಕ್ರಿಯಾಪದದ ಒಳಗೇ ನನಗೆ ಬೇಕಾದ ಅರ್ಥ ಪೂರ್ತಿ ಇದೆ. ಇಟ್ಟವರು ಯಾರೋ ಇದ್ದಾರೆ. ಇಟ್ಟದ್ದನ್ನು ತೆಗೆಯಬಹುದು, ಬೇರೆಯದನ್ನು ಇಡಬಹುದು.

ಎಕ್ಸೆಲ್‌ನಂಥ ಸ್ಪ್ರೆಡ್‌ಶೀಟ್ (ಕಂಪ್ಯೂಟರಿನ ಲೆಕ್ಕದ ಹಾಳೆ) ಹುಟ್ಟಿದ್ದೂ ಇದೇ ಕಾರಣಕ್ಕೆ. 1978ರಲ್ಲಿ ಡ್ಯಾನ್ ಬ್ರಿಕ್ಲಿನ್ ಹಾರ್ವರ್ಡಿನಲ್ಲಿ ವಿದ್ಯಾರ್ಥಿಯಾಗಿದ್ದರು. ಕಪ್ಪು ಹಲಗೆಯ ಕೋಷ್ಟಕದಲ್ಲಿ ಒಂದು ಅಂಕಿ ಬದಲಾದರೆ ಮೇಷ್ಟರು ಮುಂದಿನದನ್ನೆಲ್ಲ ಒರೆಸಿ ಮತ್ತೆ ಬರೆಯಬೇಕಾಗುತ್ತಿತ್ತು. ಮುಂದಿನ ವರ್ಷ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್ಸ್‌ಟನ್ ಸೇರಿ ವಿಸಿಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ ತಂತ್ರಾಂಶ ತಂದರು. ಒಂದು ಅಂಕಿ ತೆಗೆದು ಇನ್ನೊಂದು ಇಟ್ಟರೆ ಉಳಿದದ್ದು ತಾನೇ ಬದಲಾಗುತ್ತದೆ.

ಈಗ ನನ್ನ ಹಾಳೆಯ ತಲೆಬರಹ ‘ನಾವು ಇಟ್ಟುಕೊಂಡ ಅಂಕಿಗಳು’. ಕೆಳಗಿನ ಕಂಬಸಾಲುಗಳು: ಎಷ್ಟು ಇಟ್ಟೆವು, ಯಾರು ಇಟ್ಟರು, ಯಾವಾಗ, ಯಾಕೆ, ಕಡಿಮೆ ಅಂದರೆ ಎಷ್ಟು, ಜಾಸ್ತಿ ಅಂದರೆ ಎಷ್ಟು. ಈ ಮನೆಗಳ (ಸೆಲ್‌ಗಳ) ಅಂಕಿ ಮಾತ್ರ ನೀಲಿ ಬಣ್ಣದಲ್ಲಿದೆ, ಸೂತ್ರದಿಂದ ಬಂದದ್ದೆಲ್ಲ ಕಪ್ಪು. ಮಾವ ತಾವೇ ನೀಲಿ ಅಂಕಿ ಬದಲಾಯಿಸಿ ನೋಡಿದರು. ನೂರಕ್ಕೆ 5 ಇಟ್ಟರೆ ಹಾಕಿದ ದುಡ್ಡು 14ರಿಂದ 15 ತಿಂಗಳಲ್ಲಿ ವಾಪಸ್. ಏರುವುದೇ ಇಲ್ಲ ಎಂದಿಟ್ಟರೆ 19 ತಿಂಗಳು. “ಇದು ಸರಿ, ನಾನು ಇಟ್ಟದ್ದು ನನಗೆ ಗೊತ್ತಿದೆ” ಅಂದರು. ‘ಊಹೆ’ ಎಂದಾಗ ಇಲ್ಲದ ಧೈರ್ಯ ಈಗ ಬಂದಿತ್ತು. ಅಂಕಿ ಅದೇ, ಪದ ಮಾತ್ರ ಬೇರೆ.

ನನ್ನ ತೊಡಕು ಏನೆಂದರೆ ‘ಇಟ್ಟುಕೊಂಡದ್ದು’ ಹೆಸರುಪದವಾಗಿ ಉದ್ದ ಆಯಿತು. ‘ಇಡುಗೆ’ ಎಂದು ಮೊಟಕು ಮಾಡಬಹುದೇ? ಉಡುಗೆ, ತೊಡುಗೆ, ಅಡುಗೆಗಳ ಹಾಗೆ. ಕೇಳಲು ಚೆನ್ನಾಗಿದೆ, ಆದರೆ ವಿವರಿಸದೆ ಅರ್ಥವಾಗುತ್ತದೆಯೇ ಎಂಬ ಅನುಮಾನ ನನಗಿದೆ. ಅರ್ಥವಾಗದಿದ್ದರೆ ಉದ್ದದ್ದೇ ಇರಲಿ.

ಇನ್ನೆರಡು ಚಿಕ್ಕ ಮಾತು. ಸೆಲ್‌ಗೆ ಕೆಲವರು ‘ಕೋಶ’ ಬಳಸುತ್ತಾರೆ. ನಾನು ‘ಮನೆ’ ಎಂದೇ ಬರೆದಿದ್ದೇನೆ. ಚೌಕಾಬಾರಕ್ಕೆ ಮನೆ, ಚದುರಂಗಕ್ಕೆ ಮನೆ, ಜಾತಕದ ಕುಂಡಲಿಗೂ ಹನ್ನೆರಡು ಮನೆ. ಹಾಳೆಗೂ ಅದೇ ಸಾಕು ಎಂಬುದು ನನ್ನ ಪಕ್ಕಾ ಅಭಿಪ್ರಾಯ.

ಇಂಥ ಇಡೀ ಸಾಧನಕ್ಕೆ ಇಂಗ್ಲಿಷಿನಲ್ಲಿ ‘ಡಿಸಿಷನ್ ಸಪೋರ್ಟ್’ ಎನ್ನುತ್ತಾರೆ. ಅದಕ್ಕೆ ‘ನಿರ್ಧಾರ ಬೆಂಬಲ’ ಎಂಬ ಅನುವಾದ ನನಗೆ ಒಗ್ಗುವುದಿಲ್ಲ. ಆಗಲೇ ಮಾಡಿದ ನಿರ್ಧಾರಕ್ಕೆ ಬೆಂಬಲ ಕೊಟ್ಟ ಹಾಗೆ ಕೇಳುತ್ತದೆ. ಇದು ನಿರ್ಧಾರಕ್ಕೆ ಮೊದಲಿನ ಕೆಲಸ. ‘ತೂಗುಹಾಳೆ’ ಎಂದುಕೊಂಡೆ. ಆದರೆ ತೂಗುಸೇತುವೆ, ತೂಗುಯ್ಯಾಲೆಗಳಲ್ಲಿ ‘ತೂಗು’ ಅಂದರೆ ನೇತಾಡುವುದು. ಗೋಡೆಗೆ ನೇತುಹಾಕಿದ ಹಾಳೆ ಎಂದು ಓದಿಕೊಂಡರೆ? ‘ತೂಗಿನೋಡುವ ಹಾಳೆ’ ಎಂದರೆ ಗೊಂದಲ ಇಲ್ಲ, ಆದರೆ ಫೈಲಿನ ಹೆಸರಿಗೆ ದೊಡ್ಡದು.

ಬೆಳಗಾವಿ, ಧಾರವಾಡ, ಕಲಬುರಗಿ ಕಡೆಯವರು ಇದ್ದರೆ ದಯವಿಟ್ಟು ಹೇಳಿ. ನಿಮ್ಮಲ್ಲಿ ‘ಅಂತ ಇಟ್ಕೋರಿ’ ಅನ್ನುವಾಗ ಹಾಗೆ ಇಟ್ಟುಕೊಂಡ ಅಂಕಿಗೆ ಬೇರೆ ಹೆಸರು ಇದೆಯೇ? ಅಂಗಡಿ ಲೆಕ್ಕದಲ್ಲೋ ಹೊಲದ ಲೆಕ್ಕದಲ್ಲೋ ಹಿರಿಯರು ಬಳಸುತ್ತಿದ್ದ ಪದ ಸಿಕ್ಕರೆ ಅದನ್ನೇ ಹಾಳೆಗೆ ಹಾಕುತ್ತೇನೆ.