ಮುಲುಂಡಿನ ಫ್ಲ್ಯಾಟಿಗೆ ಯಾವ ನಾಯಿ: ಲ್ಯಾಬೋ, ಬೀಗಲೋ, ನಾಟಿಯೋ?

ಮುಲುಂಡ್ ಕನ್ನಡತಿ:
ಎಲ್ಲರಿಗೂ ನಮಸ್ಕಾರ. ಐದನೇ ಮಹಡಿಯಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟು, ಒಂದೇ ಲಿಫ್ಟು, ಸಣ್ಣ ಬಾಲ್ಕನಿ. ಮಕ್ಕಳಿಗೆ 4 ಮತ್ತು 9 ವರ್ಷ. ಅತ್ತೆಗೆ ಎಪ್ಪತ್ತು ದಾಟಿದೆ, ಮಂಡಿನೋವು, ಆಗಾಗ ಉಬ್ಬಸ. ನಾವಿಬ್ಬರೂ ಬೆಳಿಗ್ಗೆ ಎಂಟಕ್ಕೆ ಹೊರಟರೆ ಬರುವುದು ಸಂಜೆ ಏಳಕ್ಕೆ. ಅತ್ತೆ ಮನೆಯಲ್ಲೇ ಇರುತ್ತಾರೆ. ಮಕ್ಕಳಿಗೆ ಲ್ಯಾಬ್ರಡಾರ್ ಬೇಕು, ಯಜಮಾನರಿಗೆ ಬೀಗಲ್, ನನಗೆ ನಾಟಿ ನಾಯಿಗೊಂದು ಮನೆ ಕೊಡುವ ಆಸೆ. ಯಾವುದು ಹೊಂದುತ್ತದೆ? ದಯವಿಟ್ಟು ಕಾರಣ ಸಮೇತ ಹೇಳಿ.

ಥಾಣೆ ಶೆಟ್ರು:
ಲ್ಯಾಬ್ ತನ್ನಿ. ಮಕ್ಕಳಿರುವ ಮನೆಗೆ ಅದರಷ್ಟು ತಾಳ್ಮೆಯ ತಳಿ ಕಡಿಮೆ, ಕಲಿಸಿದ್ದು ಬೇಗ ಹಿಡಿಯುತ್ತದೆ, ಬಂದವರನ್ನೆಲ್ಲ ನೆಂಟರ ಹಾಗೆ ನೋಡುತ್ತದೆ. ಆದರೆ ಮರಿ ಎಲ್ಲಿಂದ ತರುತ್ತೀರಿ ಅನ್ನುವುದರಲ್ಲೇ ಎಲ್ಲ ಉಂಟು. ಮರಿಯ ತಾಯಿಯನ್ನು ಅದು ಬೆಳೆದ ಜಾಗದಲ್ಲೇ ನೋಡಿ. ತಾಯಿ ಹೆದರಿ ಮೂಲೆ ಸೇರುವಂಥದ್ದಾದರೆ ಮರಿ ಬೇಡ. ತಂದೆ ತಾಯಿ ಎರಡರದ್ದೂ ಸೊಂಟದ ಕೀಲಿನ ಎಕ್ಸ್‌ರೇ ಕೇಳಿ. ಕೆನಲ್ ಕ್ಲಬ್ಬಿನ ಕಾಗದ ವಂಶಾವಳಿ ಹೇಳುತ್ತದೆ ಅಷ್ಟೆ, ಆರೋಗ್ಯದ ಖಾತ್ರಿ ಕೊಡುವುದಿಲ್ಲ. 2017ರ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ, ಬ್ರೀಡರ್ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ರಸ್ತೆ ಬದಿಯಲ್ಲಿ ಕಾರಿನ ಡಿಕ್ಕಿ ತೆಗೆದು ಮರಿ ತೋರಿಸುವವರ ಹತ್ತಿರ ಹೋಗಲೇಬೇಡಿ ಮಾರಾಯ್ರೆ.

ಕೋಥ್ರೂಡ್ ಪಶುವೈದ್ಯ:
ಶೆಟ್ರು ಹೇಳಿದ ಮುನ್ನೆಚ್ಚರಿಕೆ ಎಲ್ಲ ಸರಿ, ಆದರೆ ಈ ಮನೆಗೆ ಲ್ಯಾಬ್ ಮರಿ ಎಂಬುದನ್ನು ನಾನು ಒಪ್ಪುವುದಿಲ್ಲ. ತಳಿಯ ಹೆಸರು ಆಮೇಲೆ ನೋಡೋಣ. ಹಗಲು ಹನ್ನೊಂದು ಗಂಟೆ ನಾಯಿಯ ಜೊತೆ ಇರುವವರು ಯಾರು? ಮಂಡಿನೋವಿನ ಅತ್ತೆ. ಮರಿ ಮೂತ್ರ ತಡೆಯುವ ಅವಧಿಗೆ ಒಂದು ಲೆಕ್ಕವಿದೆ: ವಯಸ್ಸು ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿದಷ್ಟು ಗಂಟೆ. ಮೂರು ತಿಂಗಳ ಮರಿಗೆ ಹೆಚ್ಚೆಂದರೆ ನಾಲ್ಕು ಗಂಟೆ, ಅದೂ ಮಲಗಿದ್ದಾಗ. ಎಚ್ಚರವಿದ್ದರೆ ಉಂಡ ಮೇಲೊಮ್ಮೆ, ಎದ್ದ ಮೇಲೊಮ್ಮೆ, ಆಡಿದ ಮೇಲೊಮ್ಮೆ. ನೆಲ ಒರೆಸುವವರು ಯಾರು? ಒದ್ದೆಯಾದ ವಿಟ್ರಿಫೈಡ್ ಟೈಲ್ಸ್ ಮೇಲೆ ಎಪ್ಪತ್ತರವರು ಜಾರಿದರೆ ಸೊಂಟ ಮುರಿಯುತ್ತದೆ.

ಇನ್ನು ಅದೇ ಮರಿ ಹತ್ತು ತಿಂಗಳಿಗೆ 25 ಕಿಲೋ ದಾಟುತ್ತದೆ, ಬುದ್ಧಿ ಮಾತ್ರ ಇನ್ನೂ ಮರಿಯದೇ. ಲ್ಯಾಬ್ ಎರಡು ವರ್ಷದ ಮೇಲೆ ಒಳ್ಳೆಯ ಮನೆನಾಯಿ, ಅದಕ್ಕೆ ಮುಂಚೆ ದಿನಕ್ಕೆ ಒಂದೂವರೆ ಗಂಟೆ ಕೆಲಸ ಕೇಳುವ ಪ್ರಾಣಿ.

ಬೀಗಲ್ ಬಗ್ಗೆಯೂ ಹೇಳಿಬಿಡುತ್ತೇನೆ. ಗಾತ್ರ ಫ್ಲ್ಯಾಟಿಗೆ ಸರಿ, 10ರಿಂದ 14 ಕಿಲೋ. ಆದರೆ ಅದು ಗುಂಪಿನಲ್ಲಿ ಮೊಲದ ವಾಸನೆ ಹಿಡಿದು ಓಡಲೆಂದು ಬೆಳೆಸಿದ ತಳಿ. ಒಂಟಿಯಾಗಿ ಬಿಟ್ಟರೆ ಊಳಿಡುತ್ತದೆ, ಆ ದನಿ ಮೂರು ಮಹಡಿ ದಾಟುತ್ತದೆ. ಮೂಗು ಕೆಳಗೆ ಹೋದರೆ ಕಿವಿ ಕೇಳಿಸುವುದಿಲ್ಲ, ಹಾಗಾಗಿ ಬೆಲ್ಟು ಬಿಚ್ಚಿ ಬಿಡುವಂತಿಲ್ಲ. ಮೇಜಿನ ಮೇಲಿನ ಚಪಾತಿ ಡಬ್ಬಿ ಸುರಕ್ಷಿತವಲ್ಲ.

ಮುಲುಂಡ್ ಕನ್ನಡತಿ:
ಡಾಕ್ಟ್ರೇ, ಹಾಗಾದರೆ ಪಗ್, ಶಿಟ್ಸು ಥರ ಚಿಕ್ಕದು? ನಮ್ಮ ಬಿಲ್ಡಿಂಗಿನಲ್ಲಿ ಆಗಲೇ ಮೂರ್ನಾಲ್ಕು ಇವೆ.

ಕೋಥ್ರೂಡ್ ಪಶುವೈದ್ಯ:
ಪಗ್, ಫ್ರೆಂಚ್ ಬುಲ್‌ಡಾಗ್ ಕರಾವಳಿಗೆ ಬೇಡ. ನಾಯಿ ನಮ್ಮ ಹಾಗೆ ಮೈ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟು, ಬಾಯಿ ಮೂಗಿನ ತೇವ ಆವಿಯಾದಾಗ ತಣ್ಣಗಾಗುತ್ತದೆ. ಚಪ್ಪಟೆ ಮೂಗಿನ ತಳಿಗಳಲ್ಲಿ ಗಾಳಿಯ ದಾರಿಯೇ ಕಿರಿದು, ಅಂಗುಳ ಉದ್ದ, ಮೂಗಿನ ಹೊಳ್ಳೆ ಮುಚ್ಚಿದ ಹಾಗೆ. ಅದರ ಮೇಲೆ ಮುಂಬೈಯ ತೇವದ ಗಾಳಿಯಲ್ಲಿ ಆವಿಯಾಗುವುದೇ ಕಷ್ಟ. ಆದ್ದರಿಂದ ಪುಣೆಯ ಒಣ 37 ಡಿಗ್ರಿಗಿಂತ ಮುಂಬೈಯ 33 ಡಿಗ್ರಿ ಅದಕ್ಕೆ ಅಪಾಯ. ನಾಯಿಯ ಸಹಜ ಮೈಶಾಖ 101ರಿಂದ 102.5 ಫ್ಯಾರನ್‌ಹೀಟ್. 105 ದಾಟಿದರೆ ತುರ್ತು ಸ್ಥಿತಿ: ಮೊದಲು ನಲ್ಲಿ ನೀರು ಮೈತುಂಬ ಸುರಿದು ಫ್ಯಾನ್ ಹಾಕಬೇಕು, ಆಮೇಲೆ ಆಸ್ಪತ್ರೆಗೆ ಓಡಬೇಕು. ಒದ್ದೆ ಟವೆಲ್ ಹೊದಿಸಿ ಬಿಟ್ಟರೆ ಅದೇ ಬಿಸಿಯನ್ನು ಒಳಗೆ ಹಿಡಿದಿಡುತ್ತದೆ.

ಶಿಟ್ಸು ಪಗ್‌ನಷ್ಟು ಕಷ್ಟವಲ್ಲ. ಆದರೆ ದಿನಾ ಬಾಚಬೇಕು, ತಿಂಗಳು ಒಂದೂವರೆ ತಿಂಗಳಿಗೊಮ್ಮೆ ಕೂದಲು ಕತ್ತರಿಸಬೇಕು. ಉಬ್ಬಿದ ಕಣ್ಣಿಗೆ ಗೀರಿದರೆ ಒಂದೇ ದಿನದಲ್ಲಿ ಹುಣ್ಣು. ನಾಲ್ಕು ವರ್ಷದ ಮಗುವಿನ ಕೈಗೆ ಅಂಥ ಕಣ್ಣಿನ ನಾಯಿಯನ್ನು ಕೊಡಲು ನನಗೆ ಮನಸ್ಸಿಲ್ಲ.

ಪಿಂಪ್ರಿಯ ಬಾಗಲಕೋಟಿ ಮಂದಿ:
ನಮ್ಮ ಮುಧೋಳ ನಾಯಿ ಹೆಸರು ಇನ್ನೂ ಯಾರೂ ತಗದಿಲ್ಲ, ಅದಕ್ಕ ನಾನ ಹೇಳತೀನಿ: ಅದನ್ನ ಫ್ಲ್ಯಾಟಿಗೆ ಒಯ್ಯಬ್ಯಾಡ್ರಿ. 2020ರ ಆಗಸ್ಟ್‌ನ್ಯಾಗ ಪ್ರಧಾನಿ ರೇಡಿಯೋದಾಗ ದೇಸಿ ತಳಿ ಬಗ್ಗೆ ಮಾತಾಡಿದ ಮ್ಯಾಲೆ ಇಲ್ಲಿ ಪುಣೆದಾಗೂ ಕೇಳಾವರು ಭಾಳ ಆದರು. ಮಹಾರಾಷ್ಟ್ರದಾಗ ಇದಕ್ಕ ಕಾರವಾನ್ ಹೌಂಡ್ ಅಂತಾರ. ಬಯಲಾಗ ಕಣ್ಣಿಗೆ ಬಿದ್ದದ್ದನ್ನ ಬೆನ್ನಟ್ಟೂ ನಾಯಿ ಅದು. ಬಾಗಿಲ ಒಂದು ಗೇಣು ತೆರೆದಿದ್ರ ಸಾಕು, ಬೆಕ್ಕಿನ ಹಿಂದ ಮೂರು ಗಲ್ಲಿ ಆಚೆ. ಮನಿ ಮಂದಿ ಬಿಟ್ಟು ಉಳಿದವರ ಕೈ ಮೈಮ್ಯಾಲೆ ಬಿದ್ರ ಸಹಿಸೂದಿಲ್ಲ. ಮೈಮ್ಯಾಲೆ ಕೊಬ್ಬು ಕಡಿಮಿ, ಅದಕ್ಕ ಆಪರೇಷನ್ ಟೈಮಿನ್ಯಾಗ ಅರಿವಳಿಕೆ ಔಷಧ ಆರಿಸೂದ್ರಾಗೂ ಡಾಕ್ಟರ್ ಎಚ್ಚರ ಇರಬೇಕು. ಹೊಲ ಅದ, ಗೋಡೆ ಕಟ್ಟಿದ ಅಂಗಳ ಅದ ಅನ್ನಾವರು ಮುಧೋಳ ಹತ್ರ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಾಗ ವಿಚಾರಿಸ್ರಿ. ಅಭಿಮಾನ ಬ್ಯಾರೆ, ನಾಯಿಯ ಸುಖ ಬ್ಯಾರೆ.

ಥಾಣೆ ಶೆಟ್ರು:
ಹಾಗಾದರೆ ಉಳಿದದ್ದು ನಾಟಿ ಮರಿ. ಅದರಲ್ಲೂ ಡಾಕ್ಟ್ರು ಹೇಳಿದ ಮೂತ್ರ, ಟೈಲ್ಸ್ ತೊಂದರೆ ಇಲ್ಲವಾ? ಮೇಲಾಗಿ ಲ್ಯಾಬ್ ಮರಿ ದೊಡ್ಡದಾದರೆ ಹೇಗಿರುತ್ತದೆ ಎಂದು ಗೊತ್ತು. ರಸ್ತೆಯಲ್ಲಿ ಸಿಕ್ಕ ಮರಿ 12 ಕಿಲೋ ಆಗುತ್ತದಾ, 25 ಆಗುತ್ತದಾ, ಮಕ್ಕಳನ್ನು ಸಹಿಸುತ್ತದಾ, ಹೇಳಲಿಕ್ಕಾಗುವುದಿಲ್ಲ. ಚಿಕ್ಕ ಮಗು ಇರುವ ಮನೆಯಲ್ಲಿ ಇದು ಸಣ್ಣ ವಿಷಯ ಅಲ್ಲ.

ಚೆಂಬೂರ್ ತರಬೇತುದಾರೆ:
ಶೆಟ್ರೆ, ಗಾತ್ರ, ಕೂದಲು ತಳಿಯಿಂದ ಗೊತ್ತಾಗುತ್ತದೆ, ಒಪ್ಪಿದೆ. ಸ್ವಭಾವ ಅಷ್ಟು ಗೊತ್ತಾಗುವುದಿಲ್ಲ. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ 18,000ಕ್ಕೂ ಹೆಚ್ಚು ನಾಯಿಗಳ ಮಾಹಿತಿ ನೋಡಿದ್ದರು. ನಾಯಿ ನಾಯಿಗಳ ನಡುವಿನ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು ಶೇ 9 ಮಾತ್ರ. ಉಳಿದದ್ದು ಆ ನಾಯಿಯದ್ದೇ, ಅದರ ಪಾಲನೆಯದ್ದೇ. ಮೂರನೇ ವಾರದಿಂದ ಹದಿನಾಲ್ಕನೇ ವಾರದೊಳಗೆ ಮರಿ ಏನು ಕಂಡಿತು, ಯಾರ ಕೈಯಲ್ಲಿ ಆಡಿತು ಅನ್ನುವುದು ಬಹಳ ಮುಖ್ಯ. ಪಂಜರದಲ್ಲಿ ಆ ವಾರಗಳನ್ನು ಕಳೆದ ಶುದ್ಧ ತಳಿಯ ಲ್ಯಾಬೂ ಬೆಚ್ಚಿಬೀಳುವ ನಾಯಿಯಾಗುತ್ತದೆ.

ಆದರೆ ಮರಿ ಬೇಡ ಎಂಬುದು ನನ್ನ ವಾದವೂ ಹೌದು, ಲ್ಯಾಬ್ ಆಗಲಿ ನಾಟಿ ಆಗಲಿ. ಎರಡು ಮೂರು ವರ್ಷ ತುಂಬಿದ ನಾಯಿ ತನ್ನಿ. ಅದರ ತೂಕ, ಸ್ವಭಾವ, ಮಕ್ಕಳ ಜೊತೆ ನಡೆ ಎಲ್ಲ ಕಣ್ಣೆದುರೇ ಇರುತ್ತದೆ. ಶೆಟ್ರು ಕೇಳುವ ಖಾತ್ರಿ ಅಲ್ಲಿ ಹೆಚ್ಚು ಸಿಗುತ್ತದೆ.

ಥಾಣೆ ಶೆಟ್ರು:
ಅದೇ ಅಧ್ಯಯನದಲ್ಲಿ, ನಾವು ಹೇಳಿದ ಮಾತು ಕೇಳುವ ಗುಣಕ್ಕೆ ತಳಿಯ ಪಾಲು ಉಳಿದವುಗಳಿಗಿಂತ ಹೆಚ್ಚು ಎಂದೂ ಉಂಟು, ಅದನ್ನು ಬಿಡಬೇಡಿ. ಆದರೂ ಬೆಳೆದ ನಾಯಿಯ ಮಾತು ನಾನು ಒಪ್ಪುತ್ತೇನೆ. ಹಾಗಿದ್ದರೆ ಬೆಳೆದ ಲ್ಯಾಬನ್ನೇ ಯಾಕೆ ನೋಡಬಾರದು? ಊರು ಬಿಡುವವರು ಬಿಟ್ಟುಹೋದ ಲ್ಯಾಬ್‌ಗಳು ಶೆಲ್ಟರಿನಲ್ಲಿ ಬೇಕಾದಷ್ಟು.

ಮಡಗಾಂವ್ ಕಾರವಾರ:
ನೋಡಬಹುದು, ಆದರೆ ಎರಡು ವಿಷಯ. ಲ್ಯಾಬಿಗೆ ಹೊಟ್ಟೆ ತುಂಬಿದ್ದು ಗೊತ್ತಾಗುವುದಿಲ್ಲ. ಹಲವು ಲ್ಯಾಬ್‌ಗಳಲ್ಲಿ ಹಸಿವನ್ನು ಹತೋಟಿಯಲ್ಲಿಡುವ ಒಂದು ಜೀನ್ ಕೆಟ್ಟಿರುವುದು 2016ರಲ್ಲೇ ಕಂಡುಬಂದಿದೆ. ಮನೆಯಲ್ಲಿ ಅಜ್ಜಿ ಇದ್ದರೆ ಬಿಸ್ಕತ್ತು ತಪ್ಪಿದ್ದಲ್ಲ. 30 ಕಿಲೋದ ಲ್ಯಾಬಿಗೆ ದಿನಕ್ಕೆ 350ರಿಂದ 400 ಗ್ರಾಂ ಒಣ ಆಹಾರ ಸಾಕು, 18 ಕಿಲೋದ ನಾಟಿ ನಾಯಿಗೆ 250ರಿಂದ 280. ಬೆರಳಿಟ್ಟರೆ ಪಕ್ಕೆಲುಬು ಸಿಗಬೇಕು, ಸಿಗದಿದ್ದರೆ ಹೆಚ್ಚಾಗಿದೆ. ಹುಳಿ, ಸಾಂಬಾರು ಕಲಸಿದ ಅನ್ನ ಬೇಡ. ಅದರಲ್ಲಿನ ಈರುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತದೆ. ದ್ರಾಕ್ಷಿ, ಒಣದ್ರಾಕ್ಷಿಯಿಂದ ಮೂತ್ರಪಿಂಡ ಕೆಡುತ್ತದೆ.

ಎರಡನೆಯದು ಮಳೆ. ಗೋವಾ ಇರಲಿ ಮುಂಬೈ ಇರಲಿ, ಜೂನ್‌ನಿಂದ ಸೆಪ್ಟೆಂಬರ್ ತನಕ ಲ್ಯಾಬಿನ ದಪ್ಪ ಒಳಕೂದಲು ಒಣಗುವುದೇ ಇಲ್ಲ. ಬುಡದಲ್ಲಿ ತೇವ ನಿಂತು ರಾತ್ರಿ ಬೆಳಗಾಗುವುದರೊಳಗೆ ಕೀವಿನ ಹುಣ್ಣು, ಜೋತ ಕಿವಿಯಲ್ಲಿ ಬೂಷ್ಟು. ಗೋಲ್ಡನ್ ರಿಟ್ರೀವರ್ ಇನ್ನೂ ಕಷ್ಟ. ನಾಟಿ ನಾಯಿಯ ಕೂದಲು ಗಿಡ್ಡ, ಕಿವಿ ನೆಟ್ಟಗೆ, ಟವೆಲ್‌ನಲ್ಲಿ ಐದು ನಿಮಿಷ ಒರೆಸಿದರೆ ಮುಗಿಯಿತು.

ಆದರೆ ನಾಟಿ ಎಂದು ಬೀದಿಯಲ್ಲಿ ನೆಲೆನಿಂತ ದೊಡ್ಡ ನಾಯಿಯನ್ನು ಹಿಡಿದು ತರಬೇಡಿ. ಅದಕ್ಕೆ ತನ್ನ ಗಲ್ಲಿ ಇದೆ, ಜೊತೆಗಾರರಿದ್ದಾರೆ. ಐದನೇ ಮಹಡಿ ಅದಕ್ಕೆ ಸೆರೆಮನೆ. ಯಾರದ್ದೋ ಮನೆಯಲ್ಲಿ ತಾತ್ಕಾಲಿಕವಾಗಿ ಬೆಳೆಯುತ್ತಿರುವ ನಾಯಿ, ಅಥವಾ ಅಪಘಾತವಾಗಿ ಗುಣವಾಗಿ ಜನರ ನಡುವೆ ಇರಲು ಕಲಿತ ನಾಯಿ ಹುಡುಕಿ.

ಮುಲುಂಡ್ ಕನ್ನಡತಿ:
ಮನಸ್ಸು ಈಗ ಬೆಳೆದ ನಾಟಿ ನಾಯಿಯತ್ತ ವಾಲಿದೆ. ಎರಡು ಭಯ: ಅತ್ತೆಯ ಉಬ್ಬಸ, ಮತ್ತೆ ಸೊಸೈಟಿ. ಕಮಿಟಿಯವರು ನಾಯಿ ಲಿಫ್ಟಿನಲ್ಲಿ ಬರುವ ಹಾಗಿಲ್ಲ ಅನ್ನುತ್ತಾರೆ.

ಕೋಥ್ರೂಡ್ ಪಶುವೈದ್ಯ:
ಉಬ್ಬಸಕ್ಕೆ ಮೊದಲು ಅತ್ತೆಯವರ ವೈದ್ಯರನ್ನು ಕೇಳಿ. ಅಲರ್ಜಿಯಾಗದ ತಳಿ ಎಂದು ಪೂಡಲ್, ಶಿಟ್ಸು ಮಾರುತ್ತಾರೆ, ಅದು ನಿಲ್ಲದ ಮಾತು. ಅಲರ್ಜಿ ತರುವುದು ಜೊಲ್ಲಿನಲ್ಲಿ, ಚರ್ಮದ ಹೊಟ್ಟಿನಲ್ಲಿ ಇರುವ ಪ್ರೋಟೀನು. ಅದು ಎಲ್ಲ ನಾಯಿಯಲ್ಲೂ ಇದೆ, ಒಂದೊಂದು ನಾಯಿಯಲ್ಲಿ ಒಂದೊಂದು ಪ್ರಮಾಣ. ಆದ್ದರಿಂದ ಆರಿಸಿದ ಅದೇ ನಾಯಿಯ ಜೊತೆ ಅತ್ತೆ ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ, ಬೇರೆ ಬೇರೆ ದಿನ ಕೂತು ನೋಡಲಿ. ತಂದ ಮೇಲೂ ಅವರ ಮಲಗುವ ಕೋಣೆಗೆ ನಾಯಿಗೆ ಪ್ರವೇಶ ಬೇಡ.

ಚೆಂಬೂರ್ ತರಬೇತುದಾರೆ:
ಸೊಸೈಟಿಗೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯ ಪ್ರತಿ ಕೊಡಿ. ಬಹುಮತದಿಂದ ಬೈಲಾ ತಿದ್ದಿದರೂ ಸಾಕುನಾಯಿ ನಿಷೇಧಿಸಲಾಗದು, ಲಿಫ್ಟು ನಿರಾಕರಿಸಲಾಗದು ಎಂದು ಅದರಲ್ಲಿದೆ. ನಿಮ್ಮ ಕಡೆಯಿಂದ ಪಾಲಿಕೆಯ ಪರವಾನಗಿ, ರೇಬೀಸ್ ಲಸಿಕೆಯ ಪತ್ರ, ಹೊರಗೆ ಸದಾ ಬೆಲ್ಟು, ಮಲ ಎತ್ತುವ ಚೀಲ ಇಷ್ಟಿರಲಿ. ಕಾನೂನು ನಿಮ್ಮ ಕಡೆ ಇದ್ದರೂ ಲಿಫ್ಟಿನಲ್ಲಿ ಹೆದರುವವರಿದ್ದರೆ ಅವರನ್ನು ಮೊದಲು ಕಳಿಸಿ. ಜಗಳ ಅಲ್ಲೇ ಅರ್ಧ ಮುಗಿಯುತ್ತದೆ.

ಮಗುವಿನ ವಿಷಯ ಇನ್ನೂ ಮುಖ್ಯ. ನಾಲ್ಕು ವರ್ಷದ ಮಗುವಿನ ಮುಖ ನಾಯಿಯ ಬಾಯಿಯ ಎತ್ತರದಲ್ಲೇ ಇರುತ್ತದೆ. ಎಂಥ ಸಾಧು ನಾಯಿಯಾದರೂ ಇಬ್ಬರನ್ನೇ ಬಿಟ್ಟು ಅಡುಗೆಮನೆಗೆ ಹೋಗಬೇಡಿ. ಉಣ್ಣುವಾಗ, ಮಲಗಿದಾಗ ಮುಟ್ಟುವಂತಿಲ್ಲ. ನಾಯಿ ತುಟಿ ನೆಕ್ಕುವುದು, ಮುಖ ತಿರುಗಿಸುವುದು, ಕಣ್ಣಿನ ಬಿಳಿ ಕಾಣುವುದು, ಕಲ್ಲಿನ ಹಾಗೆ ನಿಂತುಬಿಡುವುದು, ಇವೆಲ್ಲ ಸಾಕು ಎಂಬ ಸೂಚನೆ. ಗುರ್ ಅಂದರೆ ಬೈಯಬೇಡಿ, ಮಗುವನ್ನು ದೂರ ಸರಿಸಿ. ಗುರುಗುಟ್ಟಿದ್ದಕ್ಕೆ ಪೆಟ್ಟು ತಿಂದ ನಾಯಿ ಮುಂದೆ ಸೂಚನೆ ಕೊಡದೆ ಕಚ್ಚುತ್ತದೆ.

ಅತ್ತೆ ಕೈಗೆ ಬೆಲ್ಟು ಕೊಡಬೇಡಿ, 15 ಕಿಲೋದ ನಾಯಿ ಎಳೆದರೂ ಬೀಳುತ್ತಾರೆ. ಮಧ್ಯಾಹ್ನ ಒಂದು ಹೊತ್ತಿಗೆ ನಾಯಿಯನ್ನು ಸುತ್ತಾಡಿಸುವ ವಾಕರ್ ಒಬ್ಬರನ್ನು ಗೊತ್ತುಮಾಡಿ. ಬೆಳಿಗ್ಗೆ, ಸಂಜೆ ನೀವಿಬ್ಬರು ಸರದಿ ಹಾಕಿಕೊಳ್ಳಿ, ಜುಲೈ ಮಳೆಯಲ್ಲೂ.

ಕೋಥ್ರೂಡ್ ಪಶುವೈದ್ಯ:
ತರುವ ಮುಂಚೆ ಮಾಡಿಸಬೇಕಾದ್ದು: ಉಣ್ಣಿ ಜ್ವರದ ರಕ್ತಪರೀಕ್ಷೆ, ಪ್ಲೇಟ್‌ಲೆಟ್ ಎಣಿಕೆ. ಬೀದಿಯಿಂದ ಬಂದ ನಾಯಿಯಲ್ಲಿ ಆ ಜ್ವರ ತರುವ ಎರ್ಲಿಕಿಯಾ ಎಂಬ ರೋಗಾಣು ತಿಂಗಳುಗಟ್ಟಲೆ ಸದ್ದಿಲ್ಲದೆ ಇರುತ್ತದೆ. ಸಿಕ್ಕಿದರೆ ಸಾಮಾನ್ಯವಾಗಿ ನಾಲ್ಕು ವಾರ ಡಾಕ್ಸಿಸೈಕ್ಲಿನ್. ಉಣ್ಣಿ ಗೋಡೆಯ ಬಿರುಕಿನಲ್ಲೇ ಮೊಟ್ಟೆ ಇಡುವುದರಿಂದ ವರ್ಷಪೂರ್ತಿ ಮಾತ್ರೆ ಬೇಕು, ಮಳೆಗಾಲಕ್ಕೆ ಮಾತ್ರವಲ್ಲ. ಇಲಿಜ್ವರದ ಲಸಿಕೆ ಮೊದಲ ಸಲ ಎರಡರಿಂದ ನಾಲ್ಕು ವಾರದ ಅಂತರದಲ್ಲಿ ಎರಡು, ಆಮೇಲೆ ವರ್ಷಕ್ಕೊಂದು; ಮುಂಬೈಯವರು ಮೇ ಒಳಗೇ ಮುಗಿಸಿ. ಆ ರೋಗ ನಾಯಿಯ ಮೂತ್ರದಿಂದ ಮನುಷ್ಯರಿಗೂ ಬರುತ್ತದೆ, ನಿಂತ ನೀರಲ್ಲಿ ನಡೆಸಬೇಡಿ. ಪರೇಲಿನ ಪಶು ಆಸ್ಪತ್ರೆ ನಿಮಗೆ ದೂರ, ರಾತ್ರಿ ತೆರೆದಿರುವ ಹತ್ತಿರದ ಕ್ಲಿನಿಕ್ ಯಾವುದೆಂದು ಈಗಲೇ ನೋಡಿಟ್ಟುಕೊಳ್ಳಿ.

ಪಿಂಪ್ರಿಯ ಬಾಗಲಕೋಟಿ ಮಂದಿ:
ಬಾಲ್ಕನಿಗೆ ಜಾಳಿಗಿ ಹಾಕಸ್ರಿ ಅಕ್ಕಾರ, ನಾಯಿ ಬರೂದಕ್ಕಿಂತ ಮೊದಲ. ನೆಲಕ್ಕ ರಬ್ಬರ್ ಮ್ಯಾಟ್ ಹಾಸ್ರಿ. ಟೈಲ್ಸ್ ಮ್ಯಾಲೆ ಕಾಲು ಜಾರಿ ಜಾರಿ ಕೀಲು ಕೆಡತಾವ, ನಾಯಿದೂ ಅಷ್ಟ, ಅತ್ತಿಯವರದೂ ಅಷ್ಟ.

ಮುಲುಂಡ್ ಕನ್ನಡತಿ:
ಕೊನೆಯ ಪ್ರಶ್ನೆ. ಶೆಲ್ಟರಿಗೆ ಹೋದಾಗ ಏನು ಪರೀಕ್ಷಿಸಬೇಕು?

ಮಡಗಾಂವ್ ಕಾರವಾರ:
ಒಂದೇ ಭೇಟಿಯಲ್ಲಿ ತೀರ್ಮಾನ ಮಾಡಬೇಡಿ. ಬೆಳಿಗ್ಗೆ ಒಮ್ಮೆ, ಊಟದ ಹೊತ್ತಿಗೊಮ್ಮೆ, ಮಕ್ಕಳನ್ನು ಕರೆದುಕೊಂಡು ಒಮ್ಮೆ ಹೋಗಿ. ಅದಾಗಿಯೇ ಮಗುವಿನ ಹತ್ತಿರ ಮೈ ಸಡಿಲ ಬಿಟ್ಟು ಬರುತ್ತದೆಯೇ, ಹಿಂದೆ ಸರಿಯುತ್ತದೆಯೇ ನೋಡಿ. ಕಾಲು, ಕಿವಿ, ಬಾಲ ಶೆಲ್ಟರಿನವರು ಮುಟ್ಟುವಾಗ ಹೇಗಿರುತ್ತದೆ ಗಮನಿಸಿ. ತಟ್ಟೆಯ ಹತ್ತಿರ ಹೋದಾಗ ಗಬಗಬನೆ ನುಂಗುತ್ತ ಮೈ ಬಿಗಿ ಹಿಡಿದರೆ ಈ ಮನೆಗೆ ಅದು ಬೇಡ. ಸ್ಟೀಲ್ ತಟ್ಟೆ ಬೀಳಿಸಿ: ಬೆಚ್ಚುವುದು ಸಹಜ, ಒಂದು ನಿಮಿಷದೊಳಗೆ ಸುಧಾರಿಸಿಕೊಂಡರೆ ಒಳ್ಳೆಯದು, ಕುಕ್ಕರಿನ ಸೀಟಿ, ಗಣಪತಿಯ ಢೋಲ್ ತಡೆದುಕೊಳ್ಳುತ್ತದೆ. ಊರುಗೋಲು ಹಿಡಿದವರನ್ನು ಕಂಡರೆ ಹೆದರುತ್ತದೆಯೇ ಎಂದೂ ನೋಡಿ, ಅತ್ತೆಗಾಗಿ. ಒಪ್ಪಿಗೆಯಾದರೆ ದತ್ತು ಪತ್ರಕ್ಕೆ ಸಹಿ ಹಾಕುವ ಮೊದಲು ಹದಿನೈದು ದಿನ ತಾತ್ಕಾಲಿಕವಾಗಿ ಮನೆಯಲ್ಲಿಟ್ಟುಕೊಳ್ಳಲು ಕೇಳಿ. ಮೊದಲ ಮೂರು ದಿನ ಸರಿಯಾಗಿ ಉಣ್ಣುವುದಿಲ್ಲ, ಮಂಚದ ಕೆಳಗೆ ಸೇರಬಹುದು. ಎಳೆಯಬೇಡಿ, ನೆಂಟರನ್ನು ಕರೆಯಬೇಡಿ.

ಥಾಣೆ ಶೆಟ್ರು:
ಆ ಹದಿನೈದು ದಿನದಲ್ಲಿ ಎರಡು ದಿನವಾದರೂ ನೀವಿಬ್ಬರೂ ಎಂದಿನಂತೆ ಆಫೀಸಿಗೆ ಹೋಗಿ, ಮನೆಯಲ್ಲೊಂದು ಮೊಬೈಲ್ ಕ್ಯಾಮೆರಾ ಇಟ್ಟು. ರಜೆ ಹಾಕಿ ಕೂತರೆ ನಾಯಿ ಹೊಂದಿಕೊಂಡ ಹಾಗೇ ಕಾಣುತ್ತದೆ, ತೊಂದರೆ ಗೊತ್ತಾಗುವುದು ರಜೆ ಮುಗಿದ ಮೇಲೆ. ಅತ್ತೆಯ ಜೊತೆ ಹಗಲು ಹೇಗೆ ಕಳೆಯುತ್ತದೆ ಎಂದು ನೋಡಿ, ಆಮೇಲೆ ಸಹಿ ಹಾಕಿ.